ನಿಮ್ಮಲ್ಲಿ ಎಷ್ಟು ಬಂತು?

ಮಾರ್ಚ್ ಮೊದಲ ವಾರದ ಒಂದು ಶುಕ್ರವಾರ ಸಂಜೆ ಹಾಸನದಲ್ಲಿ ಆಲಿಕಲ್ಲು ಮಳೆ ಬಿತ್ತು. ಮಹಡಿ ಮೇಲೆ ಒಣಹಾಕಿದ್ದ ಸಂಡಿಗೆ ಮತ್ತೆ ಹಿಟ್ಟಾಯಿತು. ಎದುರಿನ ಖಾಲಿ ಸೈಟಿನ ಕೆಮ್ಮಣ್ಣು ಕೊಚ್ಚಿಕೊಂಡು ಬಂದು ನಮ್ಮ ಗೇಟಿನ ಮುಂದೆ ಗುಡ್ಡೆ ಬಿತ್ತು. ಸಂಡಿಗೆಯ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿಕೊಂಡು ಮೆಟ್ಟಿಲು ಇಳಿಯುತ್ತಿರುವಾಗಲೇ ಫೋನು ಬಡಿದುಕೊಂಡಿತು. ಅಪ್ಪ.

"ನಿಮ್ಮಲ್ಲಿ ಎಷ್ಟ್ ಬಂತವ್ವಾ?"

"ಜೋರಾಗೇ ಬಂತಪ್ಪ. ಅರ್ಧ ಇಂಚಿಗೆ ಮೋಸ ಇಲ್ಲ."

"ಹೂಂ. ಇಲ್ಲಿ ಹನಿ ಇಲ್ಲ."

ಕಾಫಿ ಸೀಮೆಯವರಿಗೆ ಈ ಮಾತುಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು: ನಮ್ಮ ಕಡೆ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಇಬ್ಬರು ತೋಟದವರು ಎದುರಾದರೆ ಮೊದಲು ಕೇಳುವುದು ಆರೋಗ್ಯವಲ್ಲ, ಸೆಂಟು. ಆಗ ಬೀಳುವುದು ಕಾಫಿ ಹೂ ಅರಳಿಸುವ ಹೂಮಳೆ. ಒಂದು ಇಂಚು ಹದವಾಗಿ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹತ್ತು ಸೆಂಟು ಚಿಮುಕಿಸಿ ಹೋದರೆ ಬಾರದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಮೊಗ್ಗು ಅರ್ಧ ಎಚ್ಚರಗೊಂಡು ಅಲ್ಲೇ ಸುಟ್ಟುಕೊಳ್ಳುತ್ತದೆ.

ಅಪ್ಪನ ತೋಟ ಬಾಳ್ಳುಪೇಟೆಯಿಂದ ಒಳಗೆ. ನಮ್ಮ ಮನೆ ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಹೊಸ ಬಡಾವಣೆಯಲ್ಲಿ. ನಡುವೆ ಮುಕ್ಕಾಲು ಗಂಟೆಯ ದಾರಿ, ಆದರೆ ಮಳೆಯ ಲೆಕ್ಕದಲ್ಲಿ ಬೇರೆ ಬೇರೆ ದೇಶ. ಹಾಸನದಿಂದ ಸಕಲೇಶಪುರಕ್ಕೆ 40 ಕಿಲೋಮೀಟರ್ ಹೋಗುವಷ್ಟರಲ್ಲಿ ವರ್ಷದ ಮಳೆ ದುಪ್ಪಟ್ಟು ಮೀರುತ್ತದೆ.

ಆ ಶುಕ್ರವಾರ ಅಪ್ಪ ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ. ಇಂಜಿನ್ ನೋಡಿಕೊಳ್ಳುವ ಹುಡುಗ ಊರಿನ ಜಾತ್ರೆಗೆ ಹೋಗಿದ್ದಾನೆ, ನಾಳೆ ತೋಟಕ್ಕೆ ನೀರು ಚಿಮ್ಮಿಸುವ ಜೆಟ್ ಹಾಕಬೇಕು, "ನಾನೇ ನೋಡ್ಕತೀನಿ ಬಿಡು." ಎಪ್ಪತ್ತನಾಲ್ಕು ವರ್ಷದ ಮನುಷ್ಯ 'ನಾನೇ ನೋಡ್ಕತೀನಿ' ಅಂದರೆ ಅದು 'ಬಾ' ಅಂತಲೇ. ಶನಿವಾರ ನನಗೆ ಪರೀಕ್ಷಾ ಡ್ಯೂಟಿ ಇರಲಿಲ್ಲ. ಬೆಳಗಿನ ಐದೂವರೆಗೆ ಸ್ಕೂಟರ್ ಬಿಟ್ಟು ಕಾರು ತೆಗೆದೆ. ಬಾಳ್ಳುಪೇಟೆ ಸುತ್ತಮುತ್ತ ಎಲ್ಲೆಲ್ಲಿ ಆನೆ ಇದೆ ಅಂತ ಆನೆ ಕಾರ್ಯಪಡೆಯವರ ಮೆಸೇಜು ಹಿಂದಿನ ರಾತ್ರಿಯೇ ಫೋನಿನಲ್ಲಿ ಬಂದು ಕೂತಿತ್ತು. ನಮ್ಮ ಊರಿನ ಹೆಸರು ಅದರಲ್ಲಿರಲಿಲ್ಲ. ಪಕ್ಕದ್ದು ಇತ್ತು. ಆನೆಗೆ ಊರ ಗಡಿ ಯಾರು ಹೇಳಿಕೊಟ್ಟಿದ್ದಾರೆ?

ಮುಂದೆ ಬರೆಯುವ ಮುಂಚೆ ಒಂದು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ. ನನಗೆ ತೋಟದಲ್ಲಿ ಇರಲು ಇಷ್ಟವಿಲ್ಲ. ಯಾವತ್ತೂ ಇರಲಿಲ್ಲ. ಬೆಂಗಳೂರಿನ ಗೆಳತಿಯರು ಹೋಮ್‌ಸ್ಟೇಗೆ ಅಂತ ಸಕಲೇಶಪುರಕ್ಕೆ ಬಂದವರು ದಾರಿಯಲ್ಲಿ ನಮ್ಮನೆಗೆ ಬಂದು, ಕಾಫಿ ಕುಡಿದು, "ಅಂಥಾ ತೋಟ ಇಟ್ಕೊಂಡು ಈ ಮೂವತ್ತು ನಲವತ್ತು ಸೈಟಲ್ಲಿ ಯಾಕಿದೀಯೇ?" ಅನ್ನುತ್ತಾರೆ. ಅವರಿಗೆ ಜೀರುಂಡೆ ಸದ್ದು ಒಂದು ರಾತ್ರಿಯದು. ನನಗೆ ಅದು ಹದಿನೆಂಟು ವರ್ಷದ್ದು. ಡಾಂಬರು ರಸ್ತೆಯ ತನಕ ಮೂರು ಕಿಲೋಮೀಟರ್ ನಡೆದು, ಬಸ್ಸು ಹತ್ತುವ ಮುಂಚೆ ಸಾಕ್ಸ್ ಇಳಿಸಿ ಉಂಬಳ ಕಿತ್ತು, ರಕ್ತ ಒರೆಸಿಕೊಂಡು ಶಾಲೆಗೆ ಹೋದವಳು ನಾನು. ಉಂಬಳವನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದು: ತೋಟದ ಮನೆಯಿಂದ ಹೆಣ್ಣುಮಗಳು ಎಲ್ಲಿಗೆ ಹೊರಟರೂ ಜೀಪು ಬೇಕು, ಜೀಪಿಗೆ ಗಂಡಸು ಬೇಕು, ಗಂಡಸಿಗೆ ಪುರುಸೊತ್ತು ಬೇಕು. ಅಮ್ಮ ಒಂದು ಕುಪ್ಪಸದ ಅಳತೆ ಕೊಡಲು ಸಕಲೇಶಪುರಕ್ಕೆ ಹೋಗಬೇಕಾದರೆ ಗುರುವಾರದ ಸಂತೆಯ ತನಕ ಕಾಯುತ್ತಿದ್ದಳು. ಈಗ ನಾನು ಒಗ್ಗರಣೆಗೆ ಎಣ್ಣೆ ಇಟ್ಟು, ಕರಿಬೇವು ಇಲ್ಲ ಅಂತ ನೆನಪಾಗಿ, ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಮೂಲೆ ಅಂಗಡಿಗೆ ಹೋಗಿ ಬರುತ್ತೇನೆ. ಯಾರಿಗೂ ಹೇಳುವುದಿಲ್ಲ. ಈ ಸುಖವನ್ನು ಗೆಳತಿಯರಿಗೆ ವಿವರಿಸಲು ಹೋಗಿ ಸೋತಿದ್ದೇನೆ.

ಹಾಗಂತ ಬೆಂಗಳೂರೂ ಬೇಡ. 2006ರಿಂದ 2012ರವರೆಗೆ ಅಲ್ಲೊಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಆರು ವರ್ಷ ಹೇಗೆ ಹೋಯಿತೋ ಗೊತ್ತಾಗಲಿಲ್ಲ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಕಿಟಕಿಯೇ ಇಲ್ಲದ ಮಹಡಿಯಲ್ಲಿ ಗೊತ್ತಾಗುವುದಾದರೂ ಹೇಗೆ?

ಹಾಸನ ನನಗೆ ಒಗ್ಗಿದ್ದು ಅದು ಪೂರ್ತಿ ಏನೂ ಆಗಿಲ್ಲ ಅನ್ನುವ ಕಾರಣಕ್ಕೆ. ಮಹಾನಗರ ಪಾಲಿಕೆ ಅಂತ ಬೋರ್ಡು ಬಂತು, ಸುತ್ತಲ ಹಳ್ಳಿಗಳೂ ಒಳಗೆ ಸೇರಿದವು. ಆದರೆ ನಮ್ಮ ಬಡಾವಣೆ ಮೊನ್ನೆ ಮೊನ್ನೆವರೆಗೂ ಆಲೂಗಡ್ಡೆ ಹೊಲವಾಗಿತ್ತು. ಆ ಹೊಲದ ಯಜಮಾನರು ಇವತ್ತಿಗೂ ಎರಡು ಹಸು ಕಟ್ಟಿಕೊಂಡು ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ತಾವು ಮಾರಿದ ಸೈಟುಗಳಲ್ಲಿ ಮನೆ ಏಳುವತನಕ ಹಸು ಮೇಯಿಸುವ ಹಕ್ಕು ತಮ್ಮದೇ ಅಂತ ಅವರ ವಾದ. ಬೆಳಿಗ್ಗೆ ಆರಕ್ಕೆ ಹಾಲು ತಂದುಕೊಡುವುದರಿಂದ ನಾವ್ಯಾರೂ ಎದುರಾಡುವುದಿಲ್ಲ.

ತೋಟದ ಗೇಟು ಮುಟ್ಟಿದಾಗ ಆರೂ ಕಾಲು. ಅಪ್ಪ ಟಾರ್ಚು ಹಿಡಿದು ಅಂಗಳದಲ್ಲೇ ನಿಂತಿದ್ದ. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ಕೆರೆ ಏರಿಯ ಮೇಲಿರುತ್ತಿದ್ದ. 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಸತ್ತಿತಲ್ಲ, ಆಮೇಲೆ ಬೆಳಕು ಹರಿಯದೆ ತೋಟಕ್ಕೆ ಇಳಿಯುವುದನ್ನು ಬಿಟ್ಟಿದ್ದಾನೆ. "ಅಂಬಾರಿ ಹೊತ್ತೋನ್ನೇ ಬಿಡಲಿಲ್ಲ, ನನ್ನ ಬಿಡ್ತವಾ?" ಅನ್ನುತ್ತಾನೆ. ಮನೆ ಹಿಂದಿನ ಹಲಸಿನ ಮರದಲ್ಲಿ ಒಂದೂ ಕಾಯಿ ಇರಲಿಲ್ಲ. ವಾಸನೆಗೆ ಆನೆ ಬರುತ್ತದೆ ಅಂತ ಎಳೆಯದರಲ್ಲೇ ಕಡಿಸಿ ಹಾಕಿಸುತ್ತಾನೆ. ನಾನು ಚಿಕ್ಕವಳಿದ್ದಾಗ ತೊಳೆ ಬಿಡಿಸಿ ಬಿಡಿಸಿ ಕೈಗೆ ಹತ್ತಿದ ಅಂಟು ವಾರಗಟ್ಟಲೆ ಹೋಗುತ್ತಿರಲಿಲ್ಲ. ನನ್ನ ಮಗಳು ತಾತನ ಮನೆಯ ಹಲಸಿನ ಹಣ್ಣು ತಿಂದೇ ಇಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದು ತಿಂದಿದ್ದಾಳೆ.

ಡೀಸೆಲ್ ಇಂಜಿನ್ ಒಂದೇ ಏಟಿಗೆ ಶುರುವಾಯಿತು, ಆದರೆ ನೀರು ಎತ್ತಲಿಲ್ಲ. ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಕೆರೆಯ ಪಾಚಿ ಸುತ್ತಿಕೊಂಡಿತ್ತು. ತೋಟದ ಆಳುಗಳಿರುವ ಲೈನ್ ಮನೆಯ ಗಂಡ ಹೆಂಡತಿ ಇಳಿದು ಪೈಪು ಎಳೆದರು, ನಾನು ಬೆರಳು ಹಾಕಿ ಪಾಚಿ ಕಿತ್ತೆ, ಅಪ್ಪ ಬಕೆಟ್ಟಿನಲ್ಲಿ ನೀರು ತುಂಬಿದ. ಎರಡನೆಯ ಸಲಕ್ಕೆ ಪೈಪು ಕೆಮ್ಮಿತು, ನಡುಗಿತು, ದೂರದಲ್ಲಿ ಜೆಟ್ಟು ಚಟಚಟ ಅನ್ನತೊಡಗಿತು. ಆ ಸದ್ದು ಕೇಳಿದ ಮೇಲೇ ಅಪ್ಪ ನನ್ನ ಮುಖ ನೋಡಿ "ಕಾಫಿ ಕುಡ್ದ್ಯಾ?" ಅಂದದ್ದು.

ರೊಬಸ್ಟಾ ಜಾತಿಯ ಕಾಫಿ ಗಿಡಕ್ಕೆ ಹೂಮಳೆ ಸಕಾಲಕ್ಕೆ ಬಾರದಿದ್ದರೆ ನಾವೇ ಮಳೆ ಸುರಿಸಬೇಕು. ಜೆಟ್ಟನ್ನು ಒಂದು ಕಡೆ ಮೂರು-ನಾಲ್ಕು ಗಂಟೆ ನಿಲ್ಲಿಸಿ, ಆಮೇಲೆ ಪೈಪುಗಳನ್ನೆಲ್ಲ ಕಳಚಿ, ಹೊತ್ತು, ಮುಂದಿನ ಜಾಗಕ್ಕೆ ಜೋಡಿಸಬೇಕು. ಹೇಳಲು ಸುಲಭ. ಒದ್ದೆ ಕಾಫಿ ಗಿಡಗಳ ನಡುವೆ ಉದ್ದನೆಯ ಪೈಪು ಹಿಡಿದು ಇಳಿಜಾರಿನಲ್ಲಿ ತಿರುಗುವಾಗ ಮುಂದಿನವರು ಹೋದ ದಿಕ್ಕೇ ಬೇರೆ, ಹಿಂದಿನವರ ಕಾಲು ಜಾರುವ ದಿಕ್ಕೇ ಬೇರೆ. ನಾನು ಎರಡು ಸಲ ಬಿದ್ದೆ. ಆಸ್ಸಾಮಿನಿಂದ ಬಂದು ಎಂಟು ವರ್ಷವಾದ ಲೈನ್ ಮನೆಯ ಹೆಂಗಸು ನನ್ನನ್ನು ಎತ್ತುತ್ತಾ ನಕ್ಕು, ನಮ್ಮೂರ ಕನ್ನಡದಲ್ಲೇ, "ಅಕ್ಕಾ, ಹಾಸನ್‌ದಲ್ಲಿ ಯಾವ್ದಾರ ಕೆಲ್ಸ ಇದ್ರೆ ಹೇಳಕ್ಕಾ. ಹುಡುಗೀನ ಸ್ಕೂಲಿಗೆ ಹಾಕ್ಬೇಕು" ಅಂದಳು. ಹೂಂ ಅಂದೆ. ಅವಳು ಹೋದರೆ ಅಪ್ಪನ ಗತಿ ಏನು ಅಂತ ಅದೇ ಉಸಿರಿನಲ್ಲಿ ಯೋಚಿಸಿದೆ. ನನ್ನ ಮಗಳಿಗೆ ಒಂದು ನ್ಯಾಯ, ಅವಳ ಮಗಳಿಗೆ ಒಂದು. ಬಟ್ಟೆಗೆ ಹತ್ತಿದ ಕೆಸರು ಒರೆಸಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗಿದೆ.

ಜೆಟ್ಟು ಸುತ್ತುವ ಜಾಗದಲ್ಲಿ ಗಿಡಗಳ ನಡುವೆ ಅಪ್ಪ ನಾಲ್ಕು ಡಬ್ಬಿ ಇಟ್ಟಿರುತ್ತಾನೆ. ನೆಟ್ಟಗಿನ ಗೋಡೆಯ ಹಳೇ ತಗಡಿನ ಡಬ್ಬಿಗಳು. ನೀರು ನಿಲ್ಲಿಸುವ ಮುಂಚೆ ಒಂದೊಂದಕ್ಕೂ ಅಡಿಕೋಲು ಇಳಿಸಿ ಓದುತ್ತಾನೆ. 110, 95, 120, 90. ತೊಂಬತ್ತರ ಡಬ್ಬಿಯನ್ನು ಅನುಮಾನದಿಂದ ನೋಡಿ, ಅದರ ಮೇಲೆ ಬಾಗಿದ್ದ ಕಾಫಿ ಕೊಂಬೆಯೊಂದನ್ನು ಕಂಡು, "ಗಿಡ ಅಡ್ಡ ಬಂದೈತೆ" ಅಂತ ಸಮಾಧಾನಪಟ್ಟುಕೊಂಡ. 2024ರಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿದ ಮೇಲೆ ಎಲ್ಲರೂ ಹೀಗೆ ಅಳೆಯುತ್ತಾರೆ. ಅಪ್ಪ ಮೂರೂವರೆ ಸಾವಿರ ಇದ್ದಾಗಲೂ ಹೀಗೇ ಅಳೆಯುತ್ತಿದ್ದ.

ಎರಡನೆಯ ಜಾಗಕ್ಕೆ ಜೆಟ್ಟು ನಿಲ್ಲಿಸಿ ಮನೆಗೆ ಬಂದಾಗ ಹನ್ನೊಂದೂವರೆ. ಅಪ್ಪ ಅಕ್ಕಿರೊಟ್ಟಿ ತಟ್ಟಲು ಕೂತ. ಅಮ್ಮ ಹೋದ ಮೇಲೆ ಕಲಿತದ್ದು, ಈಗ ನನಗಿಂತ ತೆಳ್ಳಗೆ ತಟ್ಟುತ್ತಾನೆ. ಬೆಳಗಿನ ಲೆಕ್ಕ ಬರೆದಿಡು ಅಂತ ಡೈರಿ ಕಡೆ ಕೈ ತೋರಿಸಿದ.

ಮಳೆ ಡೈರಿಗಳು ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿರುತ್ತವೆ. ಬ್ಯಾಂಕಿನವರು, ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟವು. 1983ರಿಂದ ಒಂದೂ ತಪ್ಪಿಲ್ಲ. ಅಂಗಳದ ಕಂಬದ ಮೇಲಿನ ರೈನ್ ಗೇಜನ್ನು ದಿನಾ ಬೆಳಿಗ್ಗೆ ಎಂಟಕ್ಕೆ ನೋಡಿ ಬರೆದದ್ದು. ಹಿಂದಿನ ದಿನದ ಪುಟ ತೆರೆದೆ. 'ತೋಟ: ಇಲ್ಲ'. ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಹಾಸನ: 50'.

ಒಂದು ಕ್ಷಣ ಏನೆಂದು ಹೊಳೆಯಲಿಲ್ಲ. ಹೋದ ವರ್ಷದ ಡೈರಿ ತೆಗೆದೆ. ಅಕ್ಟೋಬರಿನಲ್ಲಿ 'ಹಾಸನ: 25'. ಆಗಸ್ಟಿನಲ್ಲಿ 'ಹಾಸನ: 50', ಮತ್ತೆ 50. ಅದಕ್ಕೂ ಹಳೆಯದು ತೆಗೆದೆ. 'ಹಾಸನ: 100. ಹಾಸನಾಂಬ ಜಾತ್ರೆ, ಕ್ಯೂ ನೆನೆಯಿತಂತೆ.' ಅದು ನಾನೇ ಹೇಳಿದ ಮಾತು. ಮಳೆ ಬಂದ ದಿನವೆಲ್ಲ ಅಪ್ಪ ಫೋನು ಮಾಡಿ ಎಷ್ಟು ಬಂತು ಅಂತ ಕೇಳುತ್ತಿದ್ದದ್ದು, ನಾನು ಇಸ್ತ್ರಿ ಮಾಡುತ್ತಲೋ ಉತ್ತರ ಪತ್ರಿಕೆ ತಿದ್ದುತ್ತಲೋ ಬಾಯಿಗೆ ಬಂದದ್ದು ಹೇಳುತ್ತಿದ್ದದ್ದು, ಎಲ್ಲವೂ ಅಲ್ಲಿ ದಾಖಲಾಗಿತ್ತು. ಮಾತು ಶುರುಮಾಡಲು ಕೇಳುತ್ತಾನೆ ಅಂದುಕೊಂಡಿದ್ದೆ. ಅರ್ಧ ಇಂಚು, ಕಾಲಿಂಚು ಅಂತ ತೇಲಿಸಿಬಿಡುತ್ತಿದ್ದೆ. ನಲವತ್ತು ವರ್ಷದ ಸತ್ಯದ ಪಕ್ಕ ಹತ್ತು ಹನ್ನೆರಡು ವರ್ಷದ ನನ್ನ ಬುರುಡೆ.

2008ರ ಡೈರಿಯನ್ನೂ ತೆಗೆದೆ, ಅಷ್ಟರಲ್ಲಿ ಕುತೂಹಲ ಮೀರಿತ್ತು. ಅದರಲ್ಲೂ ಕೆಂಪು ಶಾಯಿ. 'ಬೆಂ:' ಅಂತ ಬರೆದು ಮುಂದೆ ಒಂದು ಗೀಟು. ಮರುದಿನವೂ ಗೀಟು. ವರ್ಷವಿಡೀ ಗೀಟು. ನೆನಪಾಯಿತು. "ಅಲ್ಲಿ ಮಳೆನಂತೆ?" ಅಂದರೆ "ಗೊತ್ತಿಲ್ಲಪ್ಪ, ಆಫೀಸಲ್ಲಿದ್ದೆ" ಅನ್ನುತ್ತಿದ್ದೆ. ಒಂದು ಕಡೆ ಮಾತ್ರ ಗೀಟಿನ ಬದಲು 'ಗೊತ್ತಿಲ್ಲ' ಅಂತ ಪೂರ್ತಿ ಬರೆದಿದ್ದ.

"ಬರದ್ಯಾ?" ಒಲೆ ಮುಂದಿನಿಂದ ಕೇಳಿದ.

"ಬರದೆ."

ಬರೆದದ್ದು ನಾಲ್ಕು ಡಬ್ಬಿಗಳ ಲೆಕ್ಕವನ್ನು ಮಾತ್ರ. ಕೆಂಪು ಶಾಯಿಯ ವಿಷಯ ಎತ್ತಲಿಲ್ಲ. ರೊಟ್ಟಿಗೆ ಕಾಯಿಚಟ್ನಿ ಇತ್ತು, ತಿಂದೆವು. ಮೂರು ಗಂಟೆಗೆ ಮತ್ತೊಮ್ಮೆ ಪೈಪು ಹೊತ್ತು, ಕತ್ತಲಾಗುವ ಮುಂಚೆ ಹೆದ್ದಾರಿ ಸೇರು ಅಂತ ಅಪ್ಪ ದಬ್ಬಿದ್ದಕ್ಕೆ ಐದಕ್ಕೆ ಹೊರಟೆ. ಡಿಕ್ಕಿಯಲ್ಲಿ ಒಂದು ಬಾಳೆಗೊನೆ, ಒಂದು ಸೇರು ಕಾಳುಮೆಣಸು.

ಎಂಟನೆಯ ದಿನಕ್ಕೆ ಮೊಗ್ಗು ಬಿಳಿಚಿ, ಸೋಮವಾರ ಬೆಳಿಗ್ಗೆ ಹೂವಾಯಿತು. ನಾನು ಪರೀಕ್ಷಾ ಕೊಠಡಿಯಲ್ಲಿದ್ದೆ, ಫೋನು ಹೊರಗೆ. ಮಧ್ಯಾಹ್ನ ತೆಗೆದು ನೋಡಿದರೆ ಅಪ್ಪ ಹತ್ತು ಫೋಟೋ ಕಳಿಸಿದ್ದ. ಆರರಲ್ಲಿ ಅವನ ಹೆಬ್ಬೆರಳು, ಉಳಿದವುಗಳಲ್ಲಿ ಗಿಡದ ತುಂಬ ಬಿಳಿ. ಕೊನೆಗೊಂದು ಧ್ವನಿ ಸಂದೇಶ: "ಜೇನ್ನೊಣ ಸಿಕ್ಕಾಪಟ್ಟೆ ಕೂತೈತೆ." ರೊಬಸ್ಟಾದ ಹೂವು ತನ್ನದೇ ಗಿಡದ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ನೊಣವೋ ಗಾಳಿಯೋ ಬೇರೆ ಗಿಡದ್ದನ್ನು ತಂದು ಕೊಡಬೇಕು. ಆ ದಿನ ಮಳೆ ಬಂದರೆ ಎಲ್ಲ ತೊಳೆದುಹೋದಂತೆ. ಬರಲಿಲ್ಲ. ಹೋಗಿ ನೋಡಬೇಕಿತ್ತು, ಘಮ ಮೂರು ದಿನವೂ ಇರುವುದಿಲ್ಲ. ಮೌಲ್ಯಮಾಪನ, ಮಗಳ ಪರೀಕ್ಷೆ ಅಂತ ಹೋಗಲಾಗಲಿಲ್ಲ. ಹೋಗಲೇಬೇಕು ಅಂತ ಅಷ್ಟೇನೂ ತಹತಹಿಸಲೂ ಇಲ್ಲ. ಅದನ್ನೂ ಹೇಳಿಬಿಡಬೇಕು.

ಏಪ್ರಿಲಿನಲ್ಲಿ ಒಂದು ಸಂಜೆ ಮೋಡ ಕವಿಯಿತು. ಸಂಡಿಗೆ ಎತ್ತಿಟ್ಟೆ. ಅಡುಗೆಮನೆಯಿಂದ ನೆಟ್ಟಗಿನ ಸ್ಟೀಲ್ ಡಬ್ಬಿಯೊಂದನ್ನು ಖಾಲಿ ಮಾಡಿ ಮಹಡಿಯ ನಡುವೆ, ಪ್ಯಾರಾಪೆಟ್ಟಿನಿಂದ ದೂರ ಇಟ್ಟು, ಗಾಳಿಗೆ ಉರುಳದಂತೆ ಸುತ್ತ ಮೂರು ಇಟ್ಟಿಗೆ ಜೋಡಿಸಿದೆ. ಮಳೆ ನಿಂತ ಮೇಲೆ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಇಳಿಸಿ ನೋಡಿದರೆ 2.1 ಸೆಂಟಿಮೀಟರ್. ಫೋನಿನಲ್ಲಿ ಭಾಗಿಸಿ ಸೆಂಟಿಗೆ ತಂದೆ. ಅಷ್ಟರಲ್ಲಿ ಅದೇ ಫೋನು ಬಡಿದುಕೊಂಡಿತು.

"ನಿಮ್ಮಲ್ಲಿ ಎಷ್ಟ್ ಬಂತವ್ವಾ?"

"83."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಡಬ್ಬಿ ಇಟ್ಟಿದ್ದ್ಯಾ?"

"ಇಟ್ಟಿದ್ದೆ."

"ವಾಲಿರ್ಲಿಲ್ಲ ತಾನೆ?"

"ಇಲ್ಲಪ್ಪ, ಇಟ್ಟಿಗೆ ಕೊಟ್ಟಿದ್ದೆ."

"ಸದ್ಯ. ಇಷ್ಟ್ ವರ್ಷ ಬರೀ ಐವತ್ತು, ಇಪ್ಪತ್ತೈದು, ಐವತ್ತು. ಹಾಸನ್‌ದಲ್ಲಿ ಮಳೆನೂ ಸೇರು ಪಾವಿನ ಲೆಕ್ಕದಲ್ಲಿ ಬೀಳ್ತದೇನೋ ಅನ್ಕಂಡಿದ್ದೆ," ಅಂದ ಅಪ್ಪ. "ತಡಿ, ಪೆನ್ನು ತಗತೀನಿ."