ಕಸೂತಿ ಗುಂಪಿನಲ್ಲಿ ಹೊಸಬರ ಬಾಯಿ ಬಿಡಿಸಿದ್ದು ಹೇಗೆ

ಬೆಳಗಾವಿಯ ಗಣಪತ ಗಲ್ಲಿಯ ಹತ್ತಿರ ದಾರ, ಸೂಜಿ, ರಿಂಗು, ಮ್ಯಾಟಿ ಬಟ್ಟೆ ಮಾರುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಅರ್ಧ ದಿನ ಕೌಂಟರ್, ಇನ್ನರ್ಧ ದಿನ ಫೋನು. ಗಿರಾಕಿಗಳಿಗೆ ಅಂತ ಅಂಗಡಿಯವರು ಶುರು ಮಾಡಿದ ಕಸೂತಿಯ ವಾಟ್ಸಾಪ್ ಗುಂಪನ್ನು ನಾನೇ ನೋಡಿಕೊಳ್ಳುತ್ತೇನೆ. ಬೈಲಹೊಂಗಲ, ಸವದತ್ತಿ, ಗೋಕಾಕ, ಚಿಕ್ಕೋಡಿ, ಆ ಕಡೆ ಇಳಕಲ್ ತನಕ ಅದರಲ್ಲಿ ಜನ ಇದ್ದಾರೆ. ಬಹುತೇಕ ಹೆಣ್ಣುಮಕ್ಕಳು. ಮನೆಗೆಲಸ ಮುಗಿಸಿ, ಮಧ್ಯಾಹ್ನ ಸಿಕ್ಕ ಹೊತ್ತಿನಲ್ಲಿ ಖುಷಿಗೆ ಅಂತ ಸೂಜಿ ಹಿಡಿಯುವವರು.

ಇಂಥ ಗುಂಪು ನಡೆಸುವ ಯಾರನ್ನೇ ಕೇಳಿ, ಒಂದೇ ಮಾತು ಹೇಳುತ್ತಾರೆ. ಜನ ಸೇರುತ್ತಾರೆ, ಆದರೆ ಬಾಯಿ ಬಿಡಲ್ಲ. ನಾಲ್ಕೈದು ಜನರೇ ಮಾತಾಡುತ್ತಿರುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ.

ಮೊದಲು ಒಂದು ಸಮಾಧಾನದ ಮಾತು. ಇದು ನಮ್ಮ ಕಡೆಯ ಜನರ ಸ್ವಭಾವ ಅಲ್ಲ. ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆನ್‌ಲೈನ್ ಗುಂಪುಗಳಲ್ಲಿ ಸುಮಾರಾಗಿ 100 ಜನರಲ್ಲಿ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಏನಾದರೂ ಹಾಕುತ್ತಾರೆ, ಹೆಚ್ಚಿನದೆಲ್ಲ ಒಬ್ಬರಿಂದಲೇ ಬರುತ್ತದೆ ಅನ್ನುವುದು ಅವರ ಲೆಕ್ಕ. ಓದುವುದು ತಪ್ಪಲ್ಲ. ಓದುತ್ತಲೇ ಕಲಿತು ಮನೆಯಲ್ಲಿ ಚೆಂದದ ಕಸೂತಿ ಹಾಕುವವರು ನಮ್ಮಲ್ಲೂ ಇದ್ದಾರೆ. ಅವರನ್ನು ಎಳೆದು ತಂದು ಮಾತಾಡಿಸುವ ಅಗತ್ಯ ಇಲ್ಲ. ನನಗೆ ಚಿಂತೆ ಇರುವುದು ಇನ್ನೊಂದು ಥರದವರ ಬಗ್ಗೆ. ಅವರಿಗೆ ಮಾತಾಡಬೇಕು ಅಂತ ಇರುತ್ತದೆ, ಆದರೆ ಆಗುತ್ತಿರುವುದಿಲ್ಲ.

ಅವರು ಯಾರು ಅಂತ ಗೊತ್ತಾಗುವುದು ಕೌಂಟರಿನಲ್ಲಿ. ದಾರದ ಲಡಿ ಆರಿಸುತ್ತಾ ಹೇಳುತ್ತಾರೆ, "ನಿಮ್ಮ ಗ್ರೂಪ್ ದಿನಾ ನೋಡ್ತೇನ್ರಿ, ಭಾಳ ಚಲೋ ಅದ." ಹಾಗಾದರೆ ನೀವೂ ಒಂದು ಫೋಟೊ ಹಾಕ್ರಲಾ ಅಂದರೆ ತಲೆ ತಗ್ಗಿಸಿ ನಗುತ್ತಾರೆ. ಸ್ವಲ್ಪ ಹೊತ್ತು ನಿಂತು ಮಾತಾಡಿದರೆ ಕಾರಣ ಒಂದೊಂದಾಗಿ ಹೊರಗೆ ಬರುತ್ತದೆ.

ಒಬ್ಬರಿಗೆ ಫೋನೇ ಸ್ವಂತದ್ದಲ್ಲ, ಮಗನದು. ಪ್ರೊಫೈಲಿನಲ್ಲಿ ಮಗ ಬೈಕ್ ಮೇಲೆ ಕೂತ ಫೋಟೊ. ಅದರಿಂದ ಕಸೂತಿಯ ಬಗ್ಗೆ ಬರೆದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಮುಜುಗರ. ಇನ್ನೊಬ್ಬರಿಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ನಗುತ್ತಾರೇನೋ ಅಂತ ಅಂಜಿಕೆ. ಮನೆಮಾತು ಮರಾಠಿ ಆಗಿರುವ ಕಾಕುಗಳು, ಅಂದರೆ ಚಿಕ್ಕಮ್ಮನ ವಯಸ್ಸಿನವರು, ಬೆಳಗಾವಿಯಲ್ಲಿ ಬೇಕಾದಷ್ಟು ಜನ. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬರೆಯುವುದು ಕಷ್ಟ. ಬಹಳ ಮುಖ್ಯವಾದ ಇನ್ನೊಂದು ಕಾರಣ ಇದೆ. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಂದು ಫೋಟೊ ಹಾಕಿದರೆ ಗುರುತಿಲ್ಲದ ಯಾರೋ ನೇರವಾಗಿ ಮೆಸೇಜ್ ಮಾಡಿದರೆ? ಮನೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಅವರೇ.

ಇವೆಲ್ಲ ಕಸೂತಿಗೆ ಸಂಬಂಧಪಟ್ಟ ತೊಂದರೆಗಳೇ ಅಲ್ಲ. ಆದರೆ ಇವನ್ನು ಸರಿಮಾಡದೆ "ಎಲ್ಲರೂ ಭಾಗವಹಿಸಿ" ಅಂತ ಎಷ್ಟು ಸಲ ಬರೆದರೂ ಏನೂ ಆಗುವುದಿಲ್ಲ. ನಾವು ಮಾಡಿದ್ದು ಇಷ್ಟು. ಗುಂಪಿನಲ್ಲಿ ಕೇಳದೆ ಯಾರೂ ಯಾರಿಗೂ ವೈಯಕ್ತಿಕವಾಗಿ ಮೆಸೇಜ್ ಮಾಡುವಂತಿಲ್ಲ, ಮಾಡಿದವರನ್ನು ಅದೇ ದಿನ ತೆಗೆಯುತ್ತೇವೆ. ಕನ್ನಡ, ಮರಾಠಿ, ಇಂಗ್ಲಿಷ್ ಅಕ್ಷರದ ಕನ್ನಡ, ವಾಯ್ಸ್ ಮೆಸೇಜ್ ಯಾವುದಾದರೂ ಸರಿ. ಯಾರ ಕಾಗುಣಿತವನ್ನೂ ಯಾರೂ ತಿದ್ದುವುದಿಲ್ಲ. ವಾಯ್ಸ್ ಮೆಸೇಜ್ ಕಳಿಸಬಹುದು ಅಂತ ಬರೆದು ಹೇಳುವುದಕ್ಕಿಂತ, ನಾನೇ ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಲು ಶುರು ಮಾಡಿದೆ. ಆಮೇಲೆ ಉಳಿದವರಿಗೂ ಧೈರ್ಯ ಬಂತು.

ಆದರೂ ಒಂದು ಗಟ್ಟಿ ಅಡ್ಡಿ ಉಳಿದುಕೊಂಡಿತ್ತು. ಅದು ಕಸೂತಿಯ ಒಳಗಿನದೇ.

ಕಸೂತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕಬೇಕು. ಗೆರೆಯಂತೆ ಹೋಗುವ ಗವಂತಿ, ಮೆಟ್ಟಿಲಿನಂತೆ ಏರುವ ಮುರ್ಗಿ, ನೇಯ್ದಂತೆ ಕಾಣುವ ನೇಗಿ, ಗುಣಾಕಾರದ ಗುರುತಿನಂಥ ಮೆಂಥಿ ಅಂತ ನಾಲ್ಕು ಬಗೆಯ ಹೊಲಿಗೆ. ಇವುಗಳಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು ಎಲ್ಲ ಮೂಡುತ್ತವೆ. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಅಲ್ಲಿದೆ ಅದರ ಹೆಚ್ಚುಗಾರಿಕೆ.

ಹಾಗಾಗಿ ಯಾರಾದರೂ ಹೊಸಬರು ಫೋಟೊ ಹಾಕಿದ ತಕ್ಷಣ ಪಳಗಿದವರು ಒಂದೇ ಮಾತು ಬರೆಯುತ್ತಿದ್ದರು: "ಹಿಂದಿನ ಬಾಜು ತೋರಸ್ರಿ."

ಕಸೂತಿ ಲೆಕ್ಕದಲ್ಲಿ ಅದು ಸರಿಯಾದ ಪ್ರಶ್ನೆ. ಕೆಲಸ ತಿಳಿದವರು ಮೊದಲು ನೋಡುವುದೇ ಹಿಂಬದಿ. ಆದರೆ ಮೊದಲ ಸಲ ಸೂಜಿ ಹಿಡಿದವರ ಬಟ್ಟೆಯ ಹಿಂದೆ ಏನಿರುತ್ತದೆ? ಅಡ್ಡಾದಿಡ್ಡಿ ಓಡಿದ ದಾರ, ಕದ್ದು ಹಾಕಿದ ಗಂಟು, ದಾರಿ ತಪ್ಪಿ ಹಾರಿದ ಎಳೆ. ಕೇಳಿದವರು ಕಲಿಸಲಿಕ್ಕೆ ಕೇಳಿರುತ್ತಾರೆ, ಕೇಳಿಸಿಕೊಂಡವರಿಗೆ ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ. ಅವರು ಉತ್ತರ ಕೊಡುವುದಿಲ್ಲ, ಇನ್ನೊಂದು ಫೋಟೊನೂ ಹಾಕುವುದಿಲ್ಲ. ಅದನ್ನು ನೋಡಿದ ಉಳಿದ ಹೊಸಬರು ತಮ್ಮ ಫೋಟೊವನ್ನು ಗ್ಯಾಲರಿಯಲ್ಲೇ ಇಟ್ಟುಕೊಳ್ಳುತ್ತಾರೆ. ಎಷ್ಟೋ ಸಲ ಹೊಸಬರು ಹಾಕಿದ್ದು ಮೆಂಥಿ ಹೊಲಿಗೆ. ಎರಡೂ ಕಡೆ ಒಂದೇ ಇರಬೇಕು ಅನ್ನುವ ಲೆಕ್ಕ ಅದಕ್ಕೆ ಅನ್ವಯಿಸುವುದೇ ಇಲ್ಲ!

ನಮ್ಮ ಗುಂಪಿನಲ್ಲಿ ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಟೀಚರ್, ಒಬ್ಬರಿದ್ದಾರೆ. ಕಸೂತಿಯಲ್ಲಿ ಅವರಷ್ಟು ತಿಳಿದವರು ಗುಂಪಿನಲ್ಲಿ ಬೇರೆ ಯಾರೂ ಇಲ್ಲ. ಈ ಪ್ರಶ್ನೆ ಹೆಚ್ಚಾಗಿ ಕೇಳುತ್ತಿದ್ದವರೂ ಅವರೇ. ಅಂಗಡಿಗೆ ಬಂದಾಗ ನಾನು ವಿಷಯ ತೆಗೆದೆ.

"ನೋಡ್ ತಂಗಿ, ಗವಂತಿ ಅಂದಮ್ಯಾಲೆ ಹಿಂದ ಮುಂದ ಎರಡೂ ಒಂದ ಇರಬೇಕು. ಅದನ್ನ ಹೇಳಲಿಲ್ಲಂದ್ರ ಕಲಿಸಿದಂಗ ಹೆಂಗಾತು?"

"ಖರೇ ಅದರಿ ಅಕ್ಕೋರ. ಆದ್ರ ನೀವು ಮೊದಲನೇ ಸಲ ಹಾಕಿದ್ದು ಹೆಂಗಿತ್ತು? ಅದು ಇನ್ನೂ ಐತೇನ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇದೆ ಅಂದರು.

ಮರುದಿನ ಮಧ್ಯಾಹ್ನ ಗುಂಪಿನಲ್ಲಿ ಎರಡು ಫೋಟೊ ಬಂದವು. ಸಣ್ಣ ಕೂಸಿಗೆ ತೊಡಿಸುವ ಕುಂಚಿಗೆ, ಬಣ್ಣ ಮಾಸಿದ್ದು. ಮೊದಲ ಫೋಟೊದಲ್ಲಿ ಮುಂಬದಿಯ ಗೋಪುರ, ಎರಡನೆಯದರಲ್ಲಿ ಅದರ ಹಿಂಬದಿ. ಗೋಪುರದ ಎಡಗಡೆ ಎರಡು ಮೆಟ್ಟಿಲು ಕಡಿಮೆ. ಹಿಂದೆ ಕೆಂಪು ದಾರ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡ ಹಾಯ್ದಿದೆ, ಮೂರು ಕಡೆ ಗಂಟು. ಜೊತೆಗೆ ಅಕ್ಕೋರ ವಾಯ್ಸ್ ಮೆಸೇಜ್: "ಸಾಲಿಗೆ ಹೋಗೂ ಮುಂದ ನಮ್ಮ ತಮ್ಮಗ ಹಾಕಿದ್ದಿದು. ಹಿಂದ ಗಂಟ ನೋಡ್ರಿ. ನಮ್ಮವ್ವ ಬೈದ್ಲು, ಆದ್ರ ಬಿಚ್ಚಸಲಿಲ್ಲ. ಹಂಗ ತಮ್ಮಗ ತೊಡಿಸಿದ್ಲು."

ಅವತ್ತು ಸಂಜೆ ಬಂದಷ್ಟು ಹಿಂಬದಿಯ ಫೋಟೊಗಳು ನಮ್ಮ ಗುಂಪಿನಲ್ಲಿ ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ. ಯಾರೂ ಕೇಳದೆಯೇ ಬಂದವು. ಆಮೇಲೆ ಗುಂಪಿನಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ಹೊಸಬರ ಮೊದಲ ಕೆಲಸಕ್ಕೆ ಹಿಂಬದಿ ಕೇಳುವಂತಿಲ್ಲ. ಅವರೇ "ಹಿಂದೆ ಸರಿಯಾಗಿ ಬರ್ತಿಲ್ಲ, ಏನು ಮಾಡಲಿ" ಅಂತ ಕೇಳಿದಾಗ ಬೇಕಾದಷ್ಟು ಹೇಳಬಹುದು. ಗುಣಮಟ್ಟ ಇಳಿಯುತ್ತದೆ ಅಂತ ಕೆಲವರಿಗೆ ಅನುಮಾನ ಇತ್ತು. ಇಳಿಯಲಿಲ್ಲ. ಹಿಂಬದಿ ಸುಧಾರಿಸಲು ಮೊದಲು ಹಿಂಬದಿ ತೋರಿಸಬೇಕಲ್ವಾ? ಈಗ ಜನ ತೋರಿಸುತ್ತಾರೆ.

ಇನ್ನು ಪ್ರಶ್ನೆ ಕೇಳುವ ರೀತಿಯ ಬಗ್ಗೆ. ಸೇರಿದವರಿಗೆಲ್ಲ "ನಿಮ್ಮ ಪರಿಚಯ ಮಾಡಿಕೊಳ್ಳಿ" ಅಂತ ಹೇಳುವ ವಾಡಿಕೆ ಎಲ್ಲ ಕಡೆ ಇದೆ. ನನ್ನ ಅನುಭವದಲ್ಲಿ ಅದು ಹೊಸಬರಿಗೆ ಅತಿ ಕಷ್ಟದ ಪ್ರಶ್ನೆ. ಏನು ಹೇಳಬೇಕು? ಗೃಹಿಣಿ ಅಂತಲಾ? ಕಸೂತಿ ಬರಲ್ಲ ಅಂತಲಾ? ನಾವು ಅದನ್ನು ಬಿಟ್ಟು ಬೇರೆ ಕೇಳಿದೆವು. ಮನೆಯಲ್ಲಿ ಹಳೆಯ ಕಸೂತಿಯ ಸೀರೆ, ಕುಬಸ, ಕುಂಚಿಗೆ ಇದ್ದರೆ ಒಂದು ಮೂಲೆಯ ಫೋಟೊ ಹಾಕಿ, ಯಾರು ಹಾಕಿದ್ದು ಅಂತ ಹೇಳಿದರೆ ಸಾಕು.

ಮಗನ ಬೈಕ್ ಫೋಟೊ ಇದ್ದ ನಂಬರಿನಿಂದ ಮೊದಲ ಸಲ ಏನೋ ಬಂತು. ಬೈಲಹೊಂಗಲದ ಕಾಕು. ಅವರ ಅತ್ತೆಯ ಮದುವೆಯ ಚಂದ್ರಕಾಳಿ, ಅಂದರೆ ಕಪ್ಪು ಸೀರೆ. ಸೆರಗಿನ ಹತ್ತಿರ ಬಿಳಿ ಮತ್ತು ಕೆಂಪು ದಾರದಲ್ಲಿ ತೇರು, ತೇರಿನ ಎರಡೂ ಬದಿಗೆ ನಮ್ಮ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಬಳ್ಳಿ. ಅಕ್ಕೋರೇ ಮೊದಲು ಬರೆದರು, ಈ ಬಳ್ಳಿ ನಾನೂ ನೋಡಿಲ್ಲ, ಎಳೆ ಲೆಕ್ಕ ಹೇಳುತ್ತೀರಾ ಅಂತ.

ಕಾಕು ಸೂಜಿಯ ಮೊನೆ ಇಟ್ಟು ಒಂದೊಂದೇ ಹೊಲಿಗೆ ಎಣಿಸಿ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಾ ಹೋದರು. ಇತ್ತ ಅಕ್ಕೋರು ಚೌಕ ಗೆರೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ, ಇಲ್ಲಿ ಮೂರೋ ನಾಲ್ಕೋ, ತಿರುವು ಎಡಕ್ಕೋ ಬಲಕ್ಕೋ ಅಂತ ಕೇಳುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ಕೇಳುವವರಾದರು, ನಿನ್ನೆ ತನಕ ಒಂದು ಮಾತೂ ಆಡದವರು ಹೇಳುವವರಾದರು. ಬಳ್ಳಿಯ ನಕ್ಷೆ ಪೂರ್ತಿ ಆದ ಮೇಲೆ ಕಾಕು ತಮ್ಮದೊಂದು ಪ್ರಶ್ನೆ ಕೇಳಿದರು. ಬಹುಶಃ ಸೇರಿದ ದಿನದಿಂದ ಇಟ್ಟುಕೊಂಡಿದ್ದು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ನೇರ ಗೆರೆಗೆ ಸರಿ, ಕವಲು ಬಂದಾಗ ವಾಪಸ್ ಬರುವುದು ಹೇಗೆ? ಹೊಸಬರೆಲ್ಲ ಸಿಕ್ಕಿಬೀಳುವುದೇ ಅಲ್ಲಿ. ಅದೇ ನೋಟ್‌ಬುಕ್ಕಿನಲ್ಲಿ ಅಕ್ಕೋರು ಬಾಣದ ಗುರುತು ಹಾಕಿ ತೋರಿಸಿದರು. ಮೊದಲು ಕವಲು ಮುಗಿಸಿ ಬುಡಕ್ಕೆ ವಾಪಸ್ ಬಾ, ಆಮೇಲೆ ಮುಂದಿನ ದಾರಿ ಹಿಡಿ. ಆ ಹಾಳೆಯ ಫೋಟೊ ಈಗಲೂ ಹೊಸದಾಗಿ ಸೇರಿದವರಿಗೆ ಮೊದಲು ಕಳಿಸುತ್ತೇವೆ. ಹಿಂದೆ ನಡೆದ ಮಾತು ಆಮೇಲೆ ಸೇರಿದವರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಅವರು ಅದೇ ಪ್ರಶ್ನೆ ಮತ್ತೆ ಕೇಳುತ್ತಿದ್ದರು. "ಆಗಲೇ ಹೇಳಿದೀವಲ್ಲ" ಅನ್ನುವ ಉತ್ತರವನ್ನು ನಾವು ಪೂರ್ತಿ ನಿಲ್ಲಿಸಿದೆವು.

ಟೇಲರ್ ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಯಾರೂ ಕತ್ತರಿ ಕೊಡುವುದಿಲ್ಲ. ಕಾಜಾ, ಗುಂಡಿ, ಇಸ್ತ್ರಿಯಿಂದ ಶುರು. ಮಾನವಶಾಸ್ತ್ರಜ್ಞೆ ಜೀನ್ ಲೇವ್ 1970ರ ದಶಕದಲ್ಲಿ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಜೊತೆ ಇದ್ದು ನೋಡಿದ್ದೂ ಇದನ್ನೇ. ಅಲ್ಲೂ ಕಲಿಯುವವರು ಗುಂಡಿ, ಅಂಚು, ಇಸ್ತ್ರಿಯಿಂದ ಶುರು ಮಾಡಿ, ಆಮೇಲೆ ಹೊಲಿಗೆಗೆ, ಕೊನೆಗೆ ಬಟ್ಟೆ ಕತ್ತರಿಸುವುದಕ್ಕೆ ಬರುತ್ತಾರೆ. ಗುಂಡಿ ಹಾಕುವುದು ಸಣ್ಣ ಕೆಲಸ, ಆದರೆ ನಿಜವಾದ ಕೆಲಸ. ಗುಂಡಿ ಇಲ್ಲದೆ ಅಂಗಿ ಗಿರಾಕಿಗೆ ಹೋಗುವುದಿಲ್ಲ.

ನಮ್ಮ ಗುಂಪಿನಲ್ಲಿ ಅಂಥ ಕೆಲಸ ಯಾವುದು ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ನಕ್ಷೆ ಪರೀಕ್ಷೆ. ಪಳಗಿದವರು ಮಾಡಿದ ನಕ್ಷೆಯಲ್ಲಿ ಎಲ್ಲಿ ಗೊಂದಲ ಇದೆ ಅಂತ ಪಳಗಿದವರಿಗೆ ಕಾಣುವುದಿಲ್ಲ, ಅವರ ಕೈ ತಾನಾಗಿ ದಾರಿ ಹಿಡಿಯುತ್ತದೆ. ಹೊಸಬರಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ಯಾವ ಹೊಸ ನಕ್ಷೆಯನ್ನೂ ಎಲ್ಲರಿಗೆ ಕಳಿಸುವ ಮೊದಲು ಇತ್ತೀಚೆಗೆ ಸೇರಿದ ಇಬ್ಬರಿಗೆ ಕೊಟ್ಟು, ಎಲ್ಲಿ ನಿಂತಿರಿ ಹೇಳಿ ಅಂತ ಹೆಸರು ಹಿಡಿದು ಕೇಳುತ್ತೇವೆ. "ತಿಳೀಲಿಲ್ಲ" ಅನ್ನುವುದೇ ಇಲ್ಲಿ ಸರಿಯಾದ ಉತ್ತರ. ಅದನ್ನು ಹೇಳಲು ಯಾರಿಗೂ ನಾಚಿಕೆ ಆಗಿಲ್ಲ.

ಹೊಸಬರ ಮೊದಲ ಮಾತಿಗೆ ಅದೇ ದಿನ ಉತ್ತರ ಹೋಗಬೇಕು. ಇದು ನನ್ನ ಕೆಲಸದ ಪಟ್ಟಿಯಲ್ಲಿ ಮೊದಲು. ಉತ್ತರ ಅಂದರೆ ಬರೀ ಹೆಬ್ಬೆರಳಿನ ಗುರುತೋ "ಸೂಪರ್" ಅನ್ನುವುದೋ ಅಲ್ಲ. "ಮೂರನೇ ಸಾಲಿನ ಮುರ್ಗಿ ಮೆಟ್ಟಿಲು ಸಮ ಕೂತಾವ್ರಿ, ನಾಲ್ಕನೇದ್ರಾಗ ಒಂದು ಎಳೆ ಜಾಸ್ತಿ ಹಿಡದೀರಿ" ಅಂತ ಬರೆದರೆ ತಮ್ಮ ಬಟ್ಟೆಯನ್ನು ಯಾರೋ ಕಣ್ಣಿಟ್ಟು ನೋಡಿದ್ದಾರೆ ಅಂತ ಅವರಿಗೆ ತಿಳಿಯುತ್ತದೆ. ಅಂಥವರೇ ಮತ್ತೆ ಬರುತ್ತಾರೆ.

ಗುಲಾಬಿ ಹೂವಿನ ಶುಭೋದಯ, ದೇವರ ಫೋಟೊ, ಫಾರ್ವರ್ಡ್ ಮೆಸೇಜು ಬೇಡ ಅಂದೆವು. ಧೈರ್ಯ ಮಾಡಿ ಹಾಕಿದ ಒಂದು ಫೋಟೊ ಅವುಗಳ ಕೆಳಗೆ ಮುಚ್ಚಿಹೋಗುತ್ತದೆ. ಅಂಗಡಿಯ ಹೊಸ ಸರಕಿನ ಸುದ್ದಿಯನ್ನೂ ಬೇರೆ ಗುಂಪಿಗೆ ಸಾಗಿಸಿದೆವು. ಮಾಲೀಕರು ಮೊದಲು ಒಪ್ಪಲಿಲ್ಲ, ಅವರ ದೃಷ್ಟಿಯಲ್ಲಿ ಗುಂಪು ಇರುವುದೇ ದಾರ ಮಾರಲಿಕ್ಕೆ. ಕಸೂತಿ ಹಾಕುವವರು ಹೆಚ್ಚಾದರೆ ದಾರ ತಾನಾಗಿ ಹೋಗುತ್ತದೆ ಅಂತ ಹೇಳಿ ಒಪ್ಪಿಸಿದೆ. ಈಗ ಗುಂಪಿನಲ್ಲಿ ನೋಡಿದ ಬಣ್ಣವನ್ನು ಫೋನಿನಲ್ಲಿ ತೋರಿಸಿ "ಇದ ಬೇಕ್ರಿ" ಅನ್ನುವವರು ಕೌಂಟರಿಗೆ ಬರುತ್ತಿದ್ದಾರೆ.

ನನಗೆ ಇನ್ನೂ ಬಿಡಿಸಲಾಗದ್ದು ಎರಡನೇ ಫೋಟೊ. ಮೊದಲ ಫೋಟೊ ಹಾಕಿಸುವುದು ಹೇಗೆ ಅಂತ ಗೊತ್ತಾಗಿದೆ. ಒಮ್ಮೆ ಹಾಕಿ, ಮೆಚ್ಚುಗೆ ಪಡೆದು, ಮತ್ತೆ ಸುಮ್ಮನಾಗುವವರು ಇದ್ದಾರೆ. ಹಬ್ಬ, ಮದುವೆ, ಮಕ್ಕಳ ಪರೀಕ್ಷೆ ಅಂತ ಬಟ್ಟೆ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಆದದ್ದನ್ನು ತೋರಿಸಲು ಅವರಿಗೆ ಮನಸ್ಸಿಲ್ಲ. ಅದಕ್ಕೆ ಈಗ ಒಂದೇ ಕುಂಚಿಗೆಯನ್ನು ತುಂಡು ತುಂಡಾಗಿ ನಕ್ಷೆ ಮಾಡಿ ಕೊಡುತ್ತಿದ್ದೇವೆ, ವಾರಕ್ಕೆ ಒಂದು ಅಂಗೈ ಅಗಲದ ಭಾಗ. ಯಾರು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಫೋಟೊ ಹಾಕಬಹುದು. ಬೈಲಹೊಂಗಲದ ಕಾಕು ಮೊದಲ ಭಾಗದ ನಕ್ಷೆ ಪರೀಕ್ಷಿಸಿ ಎರಡು ಕಡೆ ತಪ್ಪು ಹುಡುಕಿ ಕಳಿಸಿದ್ದಾರೆ. ಅಕ್ಕೋರು ಅದನ್ನು ತಿದ್ದುತ್ತಿದ್ದಾರೆ.