ಚೆಂಡಿಲ್ಲದಾಗ ಲಾರೆನ್ಸ್ ಎಲ್ಲಿರುತ್ತಾರೆ?

ಗೋವಾದ ವಾಸ್ಕೋದಲ್ಲಿದ್ದ ನಮ್ಮ ಕನ್ನಡ ಶಾಲೆಗೆ ನಾನು ಎಂಟನೆಯ ತರಗತಿಗೆ ಸೇರಿದ್ದು 2005ರ ಜೂನ್ ತಿಂಗಳಲ್ಲಿ. ಗೋವಾದ ಫುಟ್‌ಬಾಲ್ ತಂಡ ಡೆಂಪೊ ತನ್ನ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಗೆದ್ದು ಆಗ ಹೆಚ್ಚು ದಿನಗಳಾಗಿರಲಿಲ್ಲ; ಅಂಗಡಿಗಳ ಮುಂದೆ, ಬಸ್ ನಿಲ್ದಾಣದಲ್ಲಿ, ಮೀನು ಮಾರುಕಟ್ಟೆಯಲ್ಲಿ ಕೊಂಕಣಿಯಲ್ಲಿ ನಡೆಯುತ್ತಿದ್ದುದು ಅದೇ ಮಾತು. ಬಾಗಲಕೋಟೆ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಅಪ್ಪನಿಗಾಗಲಿ, ನಮ್ಮ ಓಣಿಯ ಉಳಿದ ಹಿರಿಯರಿಗಾಗಲಿ ಈ ಆಟ ತಮ್ಮದೆಂದು ಅನ್ನಿಸಿರಲಿಲ್ಲ. ಅವರ ಆಟಗಳು ಕುಸ್ತಿ ಮತ್ತು ಕಬಡ್ಡಿ. ಫುಟ್‌ಬಾಲ್ ನಮ್ಮದೂ ಆದದ್ದು ಶಾಲೆಯಲ್ಲಿ, ಅದಿರಿನ ಕೆಂಪು ಧೂಳು ಬಂದು ಕೂರುತ್ತಿದ್ದ ಆ ಸಣ್ಣ ಬಯಲಿನಲ್ಲಿ, ನಮ್ಮ ದೈಹಿಕ ಶಿಕ್ಷಕರ ಕೈಯಲ್ಲಿ.

ಅವರೂ ಬಾದಾಮಿ ತಾಲ್ಲೂಕಿನವರು, ನೌಕರಿಗೆಂದು ಗೋವಾಕ್ಕೆ ಬಂದ ಮೇಲೆ ಈ ಆಟವನ್ನು ಕಲಿತವರು. ಬಹುಶಃ ಆ ಕಾರಣಕ್ಕೇ ಆಟದ ಎಲ್ಲ ಸಂಗತಿಗಳನ್ನೂ ನಮಗೆ ಹೊಲದ ಭಾಷೆಯಲ್ಲಿ ವಿವರಿಸುತ್ತಿದ್ದರು. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್ ಎಂದರೆ ನೀರು ಹಾಯಿಸುವವನು ಎಂದು ಹೇಳಿದ್ದರು. ಕಾಲುವೆಯಲ್ಲಿ ನೀರು ಬರುತ್ತಿರುತ್ತದೆ. ಯಾವ ಮಡಿಯ ಬಾಯಿ ತೆರೆಯಬೇಕು, ಯಾವುದಕ್ಕೆ ಮಣ್ಣು ಹಾಕಿ ಕಟ್ಟಬೇಕು, ಎಲ್ಲಿ ಒಡ್ಡು ಒಡೆಯುವಂತಿದೆ ಎಂಬುದನ್ನು ನೀರು ಬರುವ ಮೊದಲೇ ನೋಡಿಕೊಂಡು ಸಲಿಕೆ ಹಿಡಿದು ಅಲ್ಲಿಗೆ ಹೋಗಿ ನಿಂತಿರಬೇಕು. ನೀರು ಬಂದ ಮೇಲೆ ಓಡಿದರೆ ಕೆಸರು ತುಳಿದದ್ದಷ್ಟೇ ಬಂತು. ಎಷ್ಟೋ ವರ್ಷ ಕಳೆದರೂ ಈ ಕೆಲಸಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆಯನ್ನು ನಾನು ಕೇಳಿಲ್ಲ.

ಒಂಬತ್ತನೆಯ ತರಗತಿಯಲ್ಲಿ ನಾನು ಶಾಲಾ ತಂಡದ ನಡುವಿನ ಆಟಗಾರನಾದೆ. ಅಂತರಶಾಲಾ ಪಂದ್ಯವೊಂದರಲ್ಲಿ, ಸಮಬಲವಾಗಿದ್ದ ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ, ಗೋಲು ನಾನೇ ಹೊಡೆಯಬೇಕೆಂಬ ಆಸೆಯಿಂದ ನನ್ನ ಜಾಗ ಬಿಟ್ಟು ಮುಂದಕ್ಕೆ ನುಗ್ಗಿದೆ. ನಮ್ಮವರ ಕಾಲಿನಿಂದ ಚೆಂಡು ಕಸಿದುಕೊಂಡ ಎದುರಾಳಿಗಳು ನಾನು ನಿಂತಿರಬೇಕಾಗಿದ್ದ ಜಾಗದ ಮೂಲಕವೇ ಹಾದುಹೋಗಿ ಗೋಲು ಹೊಡೆದರು. ಮೈದಾನದಿಂದ ಹೊರಗೆ ಬಂದಾಗ ಅಳು ತಡೆಯಲಾಗಲಿಲ್ಲ. ಗುರುಗಳು ಬೈಯಲಿಲ್ಲ. ಮುಂದಿನ ವಾರ ಫತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊ ಪಂದ್ಯವಿದೆ, ನನ್ನೊಂದಿಗೆ ಬಾ ಎಂದಷ್ಟೇ ಹೇಳಿದರು.

ಆ ಭಾನುವಾರ ಕದಂಬ ಬಸ್ಸಿನಲ್ಲಿ ಮಡಗಾಂವಿಗೆ ಹೋಗಿ, ಅಲ್ಲಿಂದ ಕ್ರೀಡಾಂಗಣಕ್ಕೆ ನಡೆದೆವು. ಗ್ಯಾಲರಿಯಲ್ಲಿ ಕುಳಿತ ಮೇಲೆ ಅವರು ತಮ್ಮ ಚೀಲದಿಂದ ಮೈದಾನದ ಗೆರೆಗಳನ್ನು ಬರೆದಿದ್ದ ಒಂದು ಹಾಳೆಯನ್ನೂ ಪೆನ್ಸಿಲನ್ನೂ ತೆಗೆದು ನನ್ನ ಕೈಗಿತ್ತರು.

"ತಮ್ಮಾ, ಇವತ್ತ ಚೆಂಡ ನೋಡಬ್ಯಾಡ. ಕ್ಲೈಮ್ಯಾಕ್ಸ್ ಲಾರೆನ್ಸ್ ಒಬ್ಬನ್ನ ನೋಡು. ಚೆಂಡ ಅವನ ಹತ್ರ ಇಲ್ಲದಾಗ ಅವ ಎಲ್ಲಿ ನಿಂತಿರ್ತಾನ, ಅಲ್ಲೊಂದು ಚುಕ್ಕಿ ಇಡು."

ಲಾರೆನ್ಸ್ ಡೆಂಪೊದ ಮಿಡ್‌ಫೀಲ್ಡರ್. ಹದಿನಾಲ್ಕು ವರ್ಷದ ಹುಡುಗನಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಇರಲಾರದು. ಮುಂದೆ ರಾಂಟಿ ಮಾರ್ಟಿನ್ಸ್, ಅವರ ಹಿಂದೆ ಬ್ರೆಜಿಲಿನ ಬೆಟೊ, ಎಡಗಡೆ ಕ್ಲಿಫರ್ಡ್ ಮಿರಾಂಡಾ: ಕಣ್ಣು ಹಾಯಬೇಕಾದವರು ಇಷ್ಟು ಜನ ಇದ್ದರು. ಮೊದಲ ಹತ್ತು ನಿಮಿಷ ನನ್ನ ದೃಷ್ಟಿ ಮತ್ತೆ ಮತ್ತೆ ಚೆಂಡಿನ ಹಿಂದೆ ಓಡಿತು. ಪ್ರತಿ ಸಲವೂ ಗುರುಗಳು ನನ್ನ ಮೊಣಕೈಯನ್ನು ಮೆಲ್ಲನೆ ತಟ್ಟಿದರು. ಆಮೇಲೆ ನಿಧಾನವಾಗಿ ಬೇರೊಂದು ಆಟ ಕಾಣತೊಡಗಿತು. ಗೋಲ್‌ಕೀಪರ್ ಚೆಂಡನ್ನು ದೂರಕ್ಕೆ ಒದ್ದಾಗ ಇಬ್ಬರು ತಲೆ ಕೊಡಲು ಹಾರುತ್ತಿದ್ದರು. ಲಾರೆನ್ಸ್ ಹಾರದೆ, ತಲೆಗೆ ಬಡಿದ ಚೆಂಡು ಉರುಳಿ ಬರಬಹುದಾದ ಜಾಗಕ್ಕೆ ಮೊದಲೇ ಹೋಗಿರುತ್ತಿದ್ದರು. ಪಾಸ್ ತಮ್ಮ ಕಡೆಗೆ ಹೊರಡುವ ಮುನ್ನ ಎಡ ಹೆಗಲಿನ ಮೇಲಿಂದ ಒಮ್ಮೆ, ಬಲ ಹೆಗಲಿನ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಿದ್ದರು. ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಮೈ ಆಗಲೇ ಅರ್ಧ ತಿರುಗಿರುತ್ತಿತ್ತು, ಮುಂದಿನ ಪಾಸ್ ಯಾರಿಗೆಂಬುದೂ ತೀರ್ಮಾನವಾಗಿರುತ್ತಿತ್ತು. ನೋಡುವವರಿಗೆ ಅದು ಎರಡು ಸ್ಪರ್ಶಗಳ ಸಾಮಾನ್ಯ ಪಾಸ್. ಚಪ್ಪಾಳೆ ಬೀಳುವ ಕೆಲಸವಲ್ಲ. ಬೆಟೊ ಅಷ್ಟು ಸ್ವತಂತ್ರವಾಗಿ ಅಲೆದಾಡಿ ಆಡಬಲ್ಲವರಾಗಿದ್ದರೆ ಅದಕ್ಕೆ ಹಿಂದೆ ನಿಂತಿದ್ದ ಈ ಮನುಷ್ಯ ಕಾರಣ ಎಂಬುದು ಆ ಸಂಜೆಯಿಂದ ಇಂದಿನವರೆಗೂ ನನ್ನ ದೃಢವಾದ ಅಭಿಪ್ರಾಯ.

ಮರಳುವಾಗ ಬಸ್ಸಿನಲ್ಲಿ ಪಕ್ಕದವರೊಬ್ಬರು ಗೋಲು ಯಾರು ಹೊಡೆದರೆಂದು ಕೇಳಿದರು. ಇಡೀ ಪಂದ್ಯ ನೋಡಿ ಬಂದ ನನಗೆ ಅದು ಗೊತ್ತಿರಲಿಲ್ಲ.

ಹಾಳೆಯ ತುಂಬ ಚುಕ್ಕಿಗಳಾಗಿದ್ದವು. ಅವುಗಳಲ್ಲಿ ಹೆಚ್ಚಿನವು ನಮ್ಮ ರಕ್ಷಣಾ ಸಾಲಿನ ಮುಂದೆ, ಸ್ವಲ್ಪ ಎಡಕ್ಕೆ, ಇರುವೆ ಮುತ್ತಿದಂತೆ ಒತ್ತಾಗಿದ್ದವು. ಗುರುಗಳು ಮರುದಿನ ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, 'ಇಲ್ಲೇ ಏಕೆ?' ಎಂದು ಬರೆದು ಹಾಳೆಯನ್ನು ನನಗೆ ವಾಪಸು ಕೊಟ್ಟರು. ನನ್ನಲ್ಲಿ ಉತ್ತರವಿರಲಿಲ್ಲ, ಅವರೂ ಹೇಳಲಿಲ್ಲ.

ಆ ಋತುವಿನಲ್ಲಿ, ಅಂದರೆ 2006-07ರಲ್ಲಿ, ಡೆಂಪೊ ಎರಡನೆಯ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. ಮರುವರ್ಷ ಅದೇ ಸ್ಪರ್ಧೆ ಐ-ಲೀಗ್ ಎಂಬ ಹೊಸ ಹೆಸರಿನಲ್ಲಿ ಹತ್ತು ತಂಡಗಳೊಂದಿಗೆ ಆರಂಭವಾಯಿತು. ಪ್ರತಿ ತಂಡ ಹದಿನೆಂಟು ಪಂದ್ಯ ಆಡಿ ಮುಗಿಸಿದಾಗ ಗೋವಾದವೇ ಆದ ಡೆಂಪೊ ಮತ್ತು ಚರ್ಚಿಲ್ ಬ್ರದರ್ಸ್ ಅಂಕಗಳಲ್ಲಿ ಸಮಸಮ ನಿಂತಿದ್ದವು. ಪ್ರಶಸ್ತಿ ಡೆಂಪೊ ಪಾಲಾಯಿತು. ಮುಂದೆ 2009-10ರಲ್ಲಿ ಹಾಗೂ 2011-12ರಲ್ಲಿ ಮತ್ತೆ ಗೆದ್ದರು. ಎಂಟು ಋತುಗಳಲ್ಲಿ ಐದು ಪ್ರಶಸ್ತಿಗಳು, ಜೊತೆಗೆ 2008ರಲ್ಲಿ ಏಷ್ಯಾದ ಕ್ಲಬ್ಬುಗಳ ಸ್ಪರ್ಧೆಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್. ಅರ್ಮಾಂಡೊ ಕೊಲಾಸೊ ಅವರು ತರಬೇತುದಾರರಾಗಿದ್ದ ಆ ತಂಡದ ಬಗ್ಗೆ ಮಾತು ಬಂದಾಗಲೆಲ್ಲ ಗೋಲು ಹೊಡೆದವರ ಹೆಸರುಗಳೇ ಮೊದಲು ಬರುತ್ತವೆ. ಅದು ಅನ್ಯಾಯವೆಂದು ನಾನು ಜಗಳವಾಡಿದ್ದುಂಟು.

ಲಾರೆನ್ಸ್ ಅವರ ಹೆಸರು ಇಡೀ ದೇಶಕ್ಕೆ ಕೇಳಿಸಿದ್ದು ಒಂದು ಗೋಲಿನಿಂದಲೇ. 2008ರಲ್ಲಿ ಏಷ್ಯಾದ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಎಎಫ್‌ಸಿ ಚಾಲೆಂಜ್ ಕಪ್ ಭಾರತದಲ್ಲಿ ನಡೆಯಿತು. ಹೈದರಾಬಾದಿನಲ್ಲಿ ಅಫ್ಘಾನಿಸ್ತಾನದ ವಿರುದ್ಧದ ಮೊದಲ ಪಂದ್ಯ ಗೋಲಿಲ್ಲದೆಯೇ ಮುಗಿಯುತ್ತದೆ ಎನ್ನುವಾಗ, ಕೊನೆಯ ಗಳಿಗೆಯಲ್ಲಿ ಅವರು ಗೋಲು ಹೊಡೆದು ಗೆಲ್ಲಿಸಿದರು. ನಾನು ಆಗಷ್ಟೇ ಎಸ್‌ಎಸ್‌ಸಿ ಮುಗಿಸಿ ಹೈಯರ್ ಸೆಕೆಂಡರಿ ಸೇರಿದ್ದೆ. ಪತ್ರಿಕೆ ಹಿಡಿದುಕೊಂಡು ಶಾಲೆಗೆ ಓಡಿದೆ. ಗುರುಗಳು ಸಂತೋಷಪಟ್ಟರು, ಆದರೆ ಅವರು ಕೇಳಿದ ಮೊದಲ ಪ್ರಶ್ನೆ, ಲಾರೆನ್ಸ್ ಮುಂದಕ್ಕೆ ಹೋದಾಗ ಅವರ ಜಾಗದಲ್ಲಿ ಯಾರು ನಿಂತಿದ್ದರು ಎಂಬುದು. ಆ ಟೂರ್ನಿಯ ಫೈನಲ್ ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದು, ಸುನಿಲ್ ಚೆಟ್ರಿಯವರ ಮೂರು ಗೋಲುಗಳ ಬಲದಿಂದ ಭಾರತ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿತು. ಅದರ ಫಲವಾಗಿ 2011ರ ಏಷ್ಯನ್ ಕಪ್ಪಿಗೆ ಅರ್ಹತೆ ದೊರೆಯಿತು. 1984ರ ನಂತರ ಭಾರತ ಆ ಕಣಕ್ಕೆ ಇಳಿದದ್ದು ಅದೇ ಮೊದಲು. ಅಫ್ಘಾನಿಸ್ತಾನದ ವಿರುದ್ಧ ಆ ಒಂದು ಗೋಲು ಬೀಳದೇ ಇದ್ದಿದ್ದರೆ ಈ ದಾರಿ ಎಷ್ಟು ಬಿಗಿಯಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ಕತಾರಿನಲ್ಲಿ ನಡೆದ ಆ ಏಷ್ಯನ್ ಕಪ್ಪಿನ ತಂಡದಲ್ಲಿ ಲಾರೆನ್ಸ್ ಅವರೂ ಇದ್ದರು. ಜನವರಿ 10ರಂದು ಆಸ್ಟ್ರೇಲಿಯಾ ವಿರುದ್ಧ 4-0, 14ರಂದು ಬಹ್ರೇನ್ ವಿರುದ್ಧ 5-2, 18ರಂದು ದಕ್ಷಿಣ ಕೊರಿಯಾ ವಿರುದ್ಧ 4-1: ಮೂರೂ ಪಂದ್ಯಗಳಲ್ಲಿ ನಾವು ಸೋತೆವು. ಕೊರಿಯಾ ಪಂದ್ಯ ನೋಡಲು ಹಳೆಯ ವಿದ್ಯಾರ್ಥಿಗಳು ಏಳೆಂಟು ಮಂದಿ ಗುರುಗಳ ಬಾಡಿಗೆ ಮನೆಯಲ್ಲಿ ಸೇರಿದ್ದೆವು. ಅವರ ಮನೆಯವರು ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರು. ಹದಿಮೂರು ಗೋಲು ಬಿಟ್ಟುಕೊಟ್ಟ ತಂಡವೆಂದು ಆಮೇಲೆ ಹಗುರವಾಗಿ ಮಾತನಾಡಿದವರನ್ನು ನಾನು ಕಂಡಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ತಮಗಿಂತ ವೇಗವಾಗಿ ಚೆಂಡು ಸಾಗಿಸಬಲ್ಲವರ ಎದುರು ಮಧ್ಯದ ಆಟಗಾರರಿಗೆ ಚೆಂಡು ಸಿಗುವುದೇ ಅಪರೂಪ. ಅವರ ಕೆಲಸವೆಲ್ಲ ಓಡುವುದು, ತೂತು ಮುಚ್ಚುವುದು, ಮುಚ್ಚಿದ ಕೂಡಲೇ ತೆರೆದುಕೊಳ್ಳುವ ಇನ್ನೊಂದು ತೂತಿನ ಕಡೆಗೆ ತಿರುಗುವುದು. ಆ ಮೂರು ಪಂದ್ಯಗಳಲ್ಲಿ ನಮ್ಮ ನಡುಸಾಲಿನವರು ಅದನ್ನು ಬಿಡದೆ ಮಾಡಿದರು.

ಪಂದ್ಯ ಮುಗಿದು ಉಳಿದವರು ಹೊರಟ ಮೇಲೆ ನಾನು ಜೇಬಿನಿಂದ ಆ ಹಳೆಯ ಹಾಳೆಯನ್ನು ತೆಗೆದೆ. ಮಡಿಕೆಗಳಲ್ಲಿ ಅದು ಹರಿಯತೊಡಗಿತ್ತು, ಕೆಂಪು ಶಾಯಿ ಮಾತ್ರ ಹಾಗೆಯೇ ಇತ್ತು. ಕಾಲೇಜು ತಂಡದಲ್ಲಿ ಅದೇ ಜಾಗದಲ್ಲಿ ಎರಡು ವರ್ಷ ಆಡಿದ ಮೇಲೆ ನನಗೆ ಉತ್ತರ ಹೊಳೆದಿತ್ತು. ಎಡಗಡೆ ಕ್ಲಿಫರ್ಡ್ ಮಿರಾಂಡಾ ಚೆಂಡು ಹಿಡಿದು ಮುಂದೆ ಹೋಗುತ್ತಿದ್ದರು, ಅವರಿಗೆ ಆಸರೆಯಾಗಿ ಎಡಬದಿಯ ಡಿಫೆಂಡರ್ ಕೂಡ ಏರುತ್ತಿದ್ದರು. ಆಗ ಇಬ್ಬರ ಬೆನ್ನಿಗೂ ಬಯಲಾಗುತ್ತಿದ್ದ ನೆಲವನ್ನು ಲಾರೆನ್ಸ್ ಕಾಯುತ್ತಿದ್ದರು. ಅವರು ಅಲ್ಲಿ ನಿಂತಿದ್ದಾರೆಂಬ ಧೈರ್ಯದಿಂದಲೇ ಆ ಇಬ್ಬರು ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದರು. ನಾನು ಅಂತರಶಾಲಾ ಪಂದ್ಯದಲ್ಲಿ ಬಿಟ್ಟು ಓಡಿದ್ದು ಇಂಥದೇ ನೆಲವನ್ನು.

ಗುರುಗಳು ಕನ್ನಡಕ ಹಾಕಿಕೊಂಡು ಹಾಳೆಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ತಲೆಯಾಡಿಸಿದರು. ಆಮೇಲೆ ಬೆರಳನ್ನು ಹಾಳೆಯ ಇನ್ನೊಂದು ಬದಿಗೆ ಸರಿಸಿ ಕೇಳಿದರು:

"ಹಂಗಾದ್ರ ಬಲಗಡೆ ಇಷ್ಟು ಖಾಲಿ ಯಾಕ ಬಿಟ್ಟಾನ, ತಮ್ಮಾ?"