ಸೊಂಟದ ಕೆಳಗೆ ಯಾರೂ ಇರಲಿಲ್ಲ

ಮಂಡಿಯೊಳಗೆ ಮೆನಿಸ್ಕಸ್ ಅಂತ ಒಂದು ಇರುತ್ತದೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದಲ್ಲಿ ಕೂತಿರುವ ಮೆತ್ತೆ. ನನ್ನದು ಹರಿದಿತ್ತು. ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ ಸರಿಮಾಡುವ ಆಪರೇಷನ್, ಹೆದರುವಂಥದ್ದೇನಿಲ್ಲ ಅಂದಿದ್ದರು. ಪೂರ್ತಿ ನಿದ್ದೆ ಬರಿಸುವುದೂ ಇಲ್ಲವಂತೆ. "ಬೆನ್ನಿಗೆ ಒಂದು ಇಂಜೆಕ್ಷನ್, ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತೆ, ನೀವು ಎಚ್ಚರವಾಗೇ ಇರ್ತೀರಿ, ಬೇಕಿದ್ರೆ ನಮ್ಮ ಜೊತೆ ಹರಟೆ ಹೊಡೀಬಹುದು" ಅಂತ ಅರಿವಳಿಕೆ ಡಾಕ್ಟರು ನಗುತ್ತಾ ಹೇಳಿದರು. ಹಲ್ಲು ಕೀಳಿಸುವಾಗ ತುಟಿ ಮರಗಟ್ಟಿದ್ದು ಗೊತ್ತಿದ್ದವರಿಗೆ ಇದೇನು ಮಹಾ ಅನ್ನಿಸುತ್ತದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಟೇಬಲ್ ಮೇಲೆ ಕೂರಿಸಿದರು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನು ಬೆಕ್ಕಿನ ಥರ ಹೊರಗೆ ಬಾಗಿಸಿ ಅಂದರು. ಮುಂದೆ ನಿಂತಿದ್ದ ಸಿಸ್ಟರ್ ನನ್ನ ಎರಡೂ ಹೆಗಲು ಹಿಡಿದುಕೊಂಡರು. ಬೆನ್ನುಹುರಿ ಸೊಂಟದವರೆಗೆ ಪೂರ್ತಿ ಇಳಿಯುವುದಿಲ್ಲ, ದೊಡ್ಡವರಲ್ಲಿ ಸೊಂಟದ ಭಾಗದ ಬೆನ್ನುಮೂಳೆಗಳಲ್ಲಿ ಮೊದಲ ಅಥವಾ ಎರಡನೆಯದರ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ನೀರಿನಂಥ ದ್ರವದಲ್ಲಿ ನರಗಳ ಎಳೆಗಳು ಮಾತ್ರ ತೇಲುತ್ತಿರುತ್ತವೆ. ಸೂಜಿ ಹೋಗುವುದು ಅಲ್ಲಿಗೆ. ಸೂಜಿಯ ತುದಿಯಿಂದ ತಿಳಿಯಾದ ಹನಿ ಬಂದರೆ ಸರಿಯಾದ ಜಾಗ ಸಿಕ್ಕಿತು ಅಂತ ಲೆಕ್ಕ. ಹಿಂದಿನಿಂದ "ಬಂತು" ಅನ್ನೋ ದನಿ ಕೇಳಿತು. ಹಾಕಿದ ಔಷಧ ಎರಡು ಮೂರು ಮಿಲಿ ಇದ್ದೀತು, ಒಂದು ಚಮಚದಷ್ಟೂ ಇಲ್ಲ.

ಮೊದಲು ಆದದ್ದು ಪಾದ ಬೆಚ್ಚಗಾಗಿದ್ದು. ಯಾರೋ ಬಿಸಿನೀರಲ್ಲಿ ಇಳಿಸಿದ ಹಾಗೆ, ಹಾಯಾಗಿ. ರಕ್ತನಾಳಗಳನ್ನು ಬಿಗಿಹಿಡಿಯುವ ಸಣ್ಣ ನರಗಳು ಎಲ್ಲಕ್ಕಿಂತ ಮೊದಲು ಮಲಗುತ್ತವೆ, ನಾಳಗಳು ಸಡಿಲವಾಗಿ ರಕ್ತ ಕಾಲಿಗೆ ಇಳಿಯುತ್ತದೆ, ಅದಕ್ಕೇ ಆ ಬಿಸಿ. ಆಮೇಲೆ ಡಾಕ್ಟರು ಸ್ಪಿರಿಟ್ ಹತ್ತಿಯಿಂದ ಎದೆಗೆ ಒರೆಸಿ "ತಣ್ಣಗಿದೆಯಾ?" ಅಂದರು. ಇತ್ತು. ತೊಡೆಗೆ ಒರೆಸಿದಾಗ ಏನೋ ಮುಟ್ಟಿದ್ದು ಗೊತ್ತಾಯಿತು, ತಣ್ಣಗಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಮುಟ್ಟಿದ್ದೂ ಗೊತ್ತಾಗಲಿಲ್ಲ. "ಕಾಲು ಎತ್ತಿ ನೋಡೋಣ" ಅಂದರು. ಎತ್ತಿದೆ. ಅಂದರೆ ಎತ್ತುವುದಕ್ಕೆ ಏನು ಮಾಡುತ್ತೇವೋ ಅದನ್ನು ಮಾಡಿದೆ, ಏನೂ ಆಗಲಿಲ್ಲ. ಭಾರ ಅನ್ನಿಸಿದ್ದರೂ ಸಮಾಧಾನ ಇರುತ್ತಿತ್ತು. ಭಾರವೂ ಇಲ್ಲ, ತಡೆಯೂ ಇಲ್ಲ. ನಾನು ಹೇಳಿದ ಮಾತು ಕೇಳಿಸಿಕೊಳ್ಳೋಕೆ ಆ ಕಡೆ ಯಾರೂ ಇರಲಿಲ್ಲ.

ಇಲ್ಲಿ ಒಂದು ಕಥೆ ಹೇಳಲೇಬೇಕು. ಈ ಇಂಜೆಕ್ಷನ್ನನ್ನು ಮೊದಲು ಆಪರೇಷನ್ನಿಗೆ ಬಳಸಿದವರು ಆಗಸ್ಟ್ ಬಿಯರ್ ಅನ್ನುವ ಜರ್ಮನ್ ಸರ್ಜನ್, ಜರ್ಮನಿಯ ಕೀಲ್ ಊರಿನಲ್ಲಿ, 1898ರಲ್ಲಿ. ಆಗ ಬಳಸಿದ್ದು ಕೊಕೇನ್. ಅದು ನಿಜವಾಗಿ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಲು ಅವರು ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ಒಬ್ಬರ ಮೇಲೊಬ್ಬರು ಪ್ರಯೋಗಕ್ಕೆ ಇಳಿದರು. ಬಿಯರ್ ಸರದಿಯಲ್ಲಿ ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ಔಷಧವೂ ಬೆನ್ನೊಳಗಿನ ದ್ರವವೂ ಬಹಳಷ್ಟು ಸೋರಿ ಹೋಯಿತು. ಹಿಲ್ಡೆಬ್ರಾಂಟ್‌ಗೆ ಮಾತ್ರ ಸರಿಯಾಗಿ ಹತ್ತಿತು. ಮೊಣಕಾಲ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಹೊಡೆದರು, ಉರಿಯುವ ಚುಟ್ಟಾ ಇಟ್ಟರು, ಆ ಮನುಷ್ಯನಿಗೆ ಏನೂ ಗೊತ್ತಾಗಲಿಲ್ಲ. ಮಾರನೇ ದಿನ ಒಬ್ಬರಿಗೆ ತಲೆ ಎತ್ತಲಾರದಷ್ಟು ತಲೆನೋವು, ಇನ್ನೊಬ್ಬರಿಗೆ ವಾಂತಿ, ಜೊತೆಗೆ ಕಾಲೆಲ್ಲ ಗಾಯ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಮನುಷ್ಯಸಹಜವಾದ ಘಟನೆ ನನಗೆ ಇನ್ನೊಂದು ಗೊತ್ತಿಲ್ಲ. ತನ್ನದೇ ಕಾಲಿಗೆ ಹೊಡೆಸಿಕೊಂಡು, ನೋಯಲಿಲ್ಲ ಅಂತ ಖುಷಿಪಡೋದು!

ನನ್ನ ವಿಷಯಕ್ಕೆ ಬರುತ್ತೇನೆ. ಎದೆಯ ಹತ್ತಿರ ಹಸಿರು ಬಟ್ಟೆಯ ಪರದೆ ಕಟ್ಟುತ್ತಿದ್ದರು. ಪೂರ್ತಿ ಕಟ್ಟುವ ಮುಂಚೆ ಆ ಕಡೆಯಿಂದ ಒಂದು ಕಾಲು ಮೇಲೆದ್ದಿತು. ಯಾರೋ ಹಿಮ್ಮಡಿ ಹಿಡಿದು ಎತ್ತಿದ್ದರು, ಅಯೋಡಿನ್ ಬಳಿದು ಕಂದು ಬಣ್ಣಕ್ಕೆ ತಿರುಗಿತ್ತು. ನನಗೆ ನಿಜವಾಗಲೂ ಅನ್ನಿಸಿದ್ದು, ಇದು ಯಾರದಪ್ಪಾ ಅಂತ. ಯಾಕಂದರೆ ನನ್ನ ಲೆಕ್ಕದಲ್ಲಿ ನನ್ನ ಎರಡೂ ಕಾಲು ಮಂಡಿ ಮಡಚಿಕೊಂಡು ಕೆಳಗೇ ಇದ್ದವು, ಇಂಜೆಕ್ಷನ್ ಕೊಡುವಾಗ ಕೂತಿದ್ದ ಹಾಗೆಯೇ. ಮೇಲೆ ಇರೋದು ಮೂರನೇದು. ಬೆರಳ ಹತ್ತಿರದ ಹಳೇ ಕಲೆ ನೋಡಿದ ಮೇಲೆ ನನ್ನದೇ ಅಂತ ಒಪ್ಪಿಕೊಂಡೆ. ಒಪ್ಪಿಕೊಂಡರೂ ಮಡಚಿದ ಕಾಲು ಹೋಗಲಿಲ್ಲ. ಕಣ್ಣು ಒಂದು ಹೇಳುತ್ತಿತ್ತು, ಒಳಗಿನ ಲೆಕ್ಕ ಇನ್ನೊಂದು.

ಈ ಇಂಜೆಕ್ಷನ್ ಪಡೆದ ಎಷ್ಟೋ ಜನರಿಗೆ ಹೀಗಾಗುತ್ತದಂತೆ. ಕಾಲಿನಿಂದ ಸುದ್ದಿ ಬರೋದು ನಿಂತಾಗ ಮೆದುಳು ಖಾಲಿ ಬಿಡುವುದಿಲ್ಲ, ಏನೋ ಒಂದು ಕಾಲನ್ನು ತಾನೇ ಇಟ್ಟುಕೊಳ್ಳುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಇಲ್ಲದ ಕೈ ನೋಯುತ್ತೆ ಅನ್ನುತ್ತಿದ್ದರು. ಅವರನ್ನು ನೋಡಿಕೊಂಡಿದ್ದ ಸೈಲಸ್ ವಿಯರ್ ಮಿಚೆಲ್ ಅನ್ನುವ ವೈದ್ಯರು 1871ರಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್, ಅಂದರೆ ಮಾಯಾ ಅಂಗ, ಅಂತ ಹೆಸರಿಟ್ಟರು. ಇದರ ಉಲ್ಟಾ ಕೂಡ ಇದೆ. ಇಯಾನ್ ವಾಟರ್‌ಮನ್ ಅನ್ನುವ ಬ್ರಿಟನ್ನಿನ ಯುವಕನಿಗೆ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಸೋಂಕಿನ ನಂತರ ಕತ್ತಿನ ಕೆಳಗೆ ಸ್ಪರ್ಶವೂ, ಕೈಕಾಲು ಎಲ್ಲಿದೆ ಅನ್ನುವ ಅರಿವೂ ಹೋಯಿತು. ಸ್ನಾಯುಗಳೆಲ್ಲ ಸರಿಯಾಗೇ ಇದ್ದವು. ಅವರು ಪ್ರತಿ ಚಲನೆಯನ್ನೂ ಕಣ್ಣಿಂದ ನೋಡಿ ನೋಡಿ ನಡೆಯುವುದನ್ನು ಮತ್ತೆ ಕಲಿತರು. ಕಣ್ಣಿಗೆ ಕತ್ತಲಾದರೆ ನಿಂತಲ್ಲೇ ಕುಸಿಯುತ್ತಿದ್ದರು. ನಾವೆಲ್ಲ ಕತ್ತಲಲ್ಲಿ ಎದ್ದು ಹೋಗಿ ನೀರು ಕುಡಿದು ಬರುತ್ತೇವೆ, ಅದೊಂದು ಸಾಧನೆ ಅಂತ ಯಾರಿಗೂ ಗೊತ್ತಿಲ್ಲ.

ಪರದೆಯ ಪಕ್ಕದಲ್ಲಿ ಮಾನಿಟರ್ ಇತ್ತು. ಸರ್ಜನ್ "ನೋಡ್ತೀರಾ?" ಅಂದರು. ಹೂಂ ಅಂದೆ. ನೀರು ತುಂಬಿದ ಒಂದು ಗುಹೆ. ನುಣುಪಾದ ಬಿಳೀ ಗೋಡೆಗಳು, ಮುತ್ತಿನ ಹೊಳಪು. ಅದು ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ, ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಪಕ್ಕದಲ್ಲಿ ಎಳೆ ಎದ್ದ ಅಂಚೊಂದು ನೀರಲ್ಲಿ ಅಲ್ಲಾಡುತ್ತಿತ್ತು. "ಇದೇ ನಿಮ್ಮ ತೊಂದರೆ" ಅಂದರು. ಇಷ್ಟು ವರ್ಷ ಹತ್ತಿಳಿದ ಮೆಟ್ಟಿಲೆಲ್ಲ ಇದರ ಮೇಲೇ ಹತ್ತಿದ್ದು, ಒಂದು ಸಲವೂ ಮುಖ ನೋಡಿರಲಿಲ್ಲ. ಹೊರಗಿನ ಕಾಲು ನನ್ನದು ಅನ್ನಿಸುತ್ತಿಲ್ಲ, ಎಂದೂ ಕಾಣದ ಒಳಗನ್ನು ನನ್ನದು ಅಂತ ತೋರಿಸುತ್ತಿದ್ದಾರೆ. ತಮಾಷೆ ಅಲ್ವಾ?

ತಮಾಷೆ ಜಾಸ್ತಿ ಹೊತ್ತು ಉಳಿಯಲಿಲ್ಲ. ಇದ್ದಕ್ಕಿದ್ದಂತೆ ಹೊಟ್ಟೆ ತೊಳಸಿತು, ಜೊತೆಗೆ ಒಂದು ವಿಚಿತ್ರ ಭಯ. ಏನೋ ಕೆಟ್ಟದ್ದು ಆಗಲಿಕ್ಕಿದೆ, ಎಲ್ಲ ಮುಗೀತು, ಮನೆಯವರನ್ನು ಇನ್ನು ನೋಡುವುದಿಲ್ಲ ಅನ್ನುವಂಥ ಭಯ. ಇಂಥ ಹೊತ್ತಲ್ಲಿ ಮನುಷ್ಯನಿಗೆ ತತ್ತ್ವಜ್ಞಾನ ಬೇರೆ ಬರುತ್ತದೆ, ಬದುಕಿದ್ದೆಲ್ಲ ವ್ಯರ್ಥ ಅಂತಲೂ ಅನ್ನಿಸಿತು. ತಲೆಯ ಹತ್ತಿರ ಕೂತಿದ್ದ ಅರಿವಳಿಕೆ ಡಾಕ್ಟರಿಗೆ ಹೇಳಿದೆ, ಏನೋ ಆಗ್ತಿದೆ ಡಾಕ್ಟ್ರೇ ಅಂತ. ಅವರು ನನ್ನ ಮುಖವನ್ನೂ ನೋಡಲಿಲ್ಲ, ಮಾನಿಟರ್ ನೋಡಿದರು. "ಬಿಪಿ ಸ್ವಲ್ಪ ಇಳಿದಿದೆ, ಈಗ ಸರಿಹೋಗುತ್ತೆ" ಅಂದು ಡ್ರಿಪ್ಪಿನ ನಳಿಕೆಗೆ ಏನೋ ತಳ್ಳಿದರು. ಸ್ವಲ್ಪ ಹೊತ್ತಿಗೆ ಭಯ ಹೋಯಿತು. ವ್ಯರ್ಥ ಅನ್ನಿಸಿದ್ದೂ ಹೋಯಿತು. ನನ್ನ ಜೀವಮಾನದ ಅತ್ಯಂತ ಆಳವಾದ ದುಃಖ ಕಾಲಿಗೆ ಇಳಿದು ನಿಂತ ಒಂದಿಷ್ಟು ರಕ್ತದ ವ್ಯವಹಾರವಾಗಿತ್ತು.

ಅದರಿಂದ ಬೇಸರವಾಯಿತಾ ಅಂದರೆ ಇಲ್ಲ. ಆ ಭಯ ಸುಳ್ಳು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಆತ್ಮ ಅಂತ ಒಂದು ಬೇರೆ ಇದ್ದು, ದೇಹ ಅದಕ್ಕೊಂದು ಬಾಡಿಗೆ ಮನೆಯಾಗಿದ್ದರೆ, ಅರ್ಧ ಮನೆಗೆ ಬೀಗ ಬಿದ್ದಾಗ ಅದು ಉಳಿದರ್ಧದಲ್ಲಿ ಹಾಯಾಗಿ ಇರಬೇಕಿತ್ತಲ್ಲ. ಹಾಗಾಗಲಿಲ್ಲ. ನನ್ನ ಗಮನವೆಲ್ಲ ಆ ಇಲ್ಲದ ಅರ್ಧದ ಕಡೆಗೇ ಹೋಗಿ ಹೋಗಿ ಹುಡುಕುತ್ತಿತ್ತು. ಮೇಲಿನ ಅರ್ಧ ಗಡಗಡ ನಡುಗಲು ಶುರುವಾಯಿತು. ಈ ಅರಿವಳಿಕೆಯಲ್ಲಿ ನಡುಕ ಮಾಮೂಲಿ ಅಂತೆ. ಸಿಸ್ಟರ್ ಇನ್ನೊಂದು ಹೊದಿಕೆ ತಂದು ಹಾಕಿದರು. ಹಾಕಿ ಹೋಗಲಿಲ್ಲ. ಮುಂದೋಳಿನ ಮೇಲೆ ಕೈಯಿಟ್ಟು, ಯಾವುದೋ ಯೋಚನೆಯಲ್ಲಿರುವವರ ಥರ ಮೆಲ್ಲಗೆ ಸವರುತ್ತಾ ನಿಂತರು.

ಚರ್ಮದಲ್ಲಿ ಇಂಥ ಸವರುವಿಕೆಗೇ ಮೀಸಲಾದ ನರಗಳಿವೆ. 1990ರ ಸುಮಾರಿಗೆ ಸ್ವೀಡನ್ನಿನ ಸಂಶೋಧಕರು ಮನುಷ್ಯರಲ್ಲಿ ಅವನ್ನು ಗುರುತಿಸಿದರು. ಮಾಮೂಲಿ ಸ್ಪರ್ಶದ ನರಗಳಿಗೆ ಹೋಲಿಸಿದರೆ ತುಂಬಾ ನಿಧಾನ, ಸೆಕೆಂಡಿಗೆ ಸುಮಾರು ಒಂದು ಮೀಟರು. ಏನು ಮುಟ್ಟಿತು, ಎಲ್ಲಿ ಮುಟ್ಟಿತು ಅಂತ ಹೇಳುವುದರಲ್ಲಿ ಅವು ದಡ್ಡ. ಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ, ಬೆಚ್ಚಗಿನ ಕೈ ಮೆಲ್ಲಗೆ ಸರಿದರೆ ಮಾತ್ರ ಚೆನ್ನಾಗಿ ಎಚ್ಚರಗೊಳ್ಳುತ್ತವೆ. ತಾಯಂದಿರು ಮಗುವನ್ನು ಯಾರೂ ಹೇಳಿಕೊಡದೆ ಸರಿಸುಮಾರು ಅದೇ ವೇಗದಲ್ಲಿ ಸವರುತ್ತಾರೆ. ಇದನ್ನೆಲ್ಲ ಓದಿದ್ದು ಆಮೇಲೆ. ಆ ಹೊತ್ತಲ್ಲಿ ಗೊತ್ತಿದ್ದರೂ ಸಿಸ್ಟರ್ ಕೈಯ ಬೆಲೆ ಕಡಿಮೆಯಾಗುತ್ತಿರಲಿಲ್ಲ. ನನ್ನೊಳಗೆ ಇಂಥದ್ದೊಂದು ತಂತಿ ಇರೋದೇ ಇನ್ನೊಬ್ಬರ ಕೈ ಬರುತ್ತೆ ಅನ್ನುವ ನಂಬಿಕೆಯ ಮೇಲೆ.

ವಾರ್ಡಿಗೆ ತಂದಾಗಲೂ ಕಾಲಿಗೆ ಜೀವ ಬಂದಿರಲಿಲ್ಲ. ಟ್ರಾಲಿಯಿಂದ ಮಂಚಕ್ಕೆ ಎಳೆದುಕೊಂಡರು. ವಾರ್ಡ್ ಬಾಯ್ ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ, ಮಲಗಿದ ಮಗುವನ್ನು ಇಳಿಸುವಾಗ ಇರುತ್ತಲ್ಲ ಆ ಜೋಪಾನದಲ್ಲಿ ಕೆಳಗಿಟ್ಟ. ನಾನು ನೋಡುತ್ತಿದ್ದೆ. ದೊಪ್ಪೆಂದು ಬಿಟ್ಟಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕಾಲಿನ ಕೆಳಗೆ ದಿಂಬು ಸರಿಸಿ ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಮಾಡಿದ. ಯಾಕೆ ಅಂತ ಕೇಳಿದೆ. "ನಿಮಗೆ ಗೊತ್ತಾಗಲ್ಲ ಅಲ್ವಾ ಸರ್, ಅಲ್ಲೇ ಒತ್ತಿ ಒತ್ತಿ ಹುಣ್ಣಾಗ್ಬಿಡುತ್ತೆ" ಅಂದ. ಅಂದರೆ ಅಷ್ಟು ಹೊತ್ತು ನನ್ನ ಕಾಲಿನ ಪರವಾಗಿ ನೋವನ್ನು ಊಹಿಸುತ್ತಿದ್ದವನು ಅವನು. ಮನುಷ್ಯನ ಬಗ್ಗೆ ದೊಡ್ಡ ಮಾತು ಆಡುವವರೆಲ್ಲ ಬುದ್ಧಿ, ಭಾಷೆ ಅಂತ ಶುರುಮಾಡುತ್ತಾರೆ. ನನ್ನನ್ನು ಕೇಳಿದರೆ ಆ ದಿಂಬಿನಿಂದ ಶುರುಮಾಡಬೇಕು.

ನಾಚಿಕೆಯ ವಿಷಯವನ್ನೂ ಬರೆದುಬಿಡುತ್ತೇನೆ. ಈ ಅರಿವಳಿಕೆ ಇಳಿಯುವಾಗ ಮೂತ್ರಕೋಶದ ಹಿಡಿತ ಬರುವುದು ತಡ. ಹೊಟ್ಟೆ ಉಬ್ಬಿದ್ದು ಕಾಣುತ್ತದೆ, ಆದರೆ ಬಂದಿದೆ ಅಂತ ಅನ್ನಿಸುವುದೇ ಇಲ್ಲ. ಕೊನೆಗೆ ನಳಿಕೆ ಹಾಕಬೇಕಾಯಿತು. ಯಾವ ಭಾಗಕ್ಕಾಗಿ ನಾಚಬೇಕೋ ಆ ಭಾಗವೇ ನನ್ನ ಮಟ್ಟಿಗೆ ಇರಲಿಲ್ಲ, ಮುಖ ಮತ್ತು ಕಿವಿ ಮಾತ್ರ ಕಾದು ಕೆಂಪಾದವು. ಆಮೇಲೆ ಒಳಗೆ ಬಂದ ಅಕ್ಕ ನನ್ನ ಮುಖ ನೋಡಿ ವಿಷಯ ಊಹಿಸಿದಳು. "ಚಿಕ್ಕೋನಿದ್ದಾಗ ನಿನ್ನ ತೊಳೆದಿದ್ದೆಲ್ಲ ನಾನೇ, ಸುಮ್ನಿರೋ" ಅಂದಳು. ಪಕ್ಕದ ಮಂಚದ ಅಜ್ಜ ಬೇರೆ ನಕ್ಕರು.

ಸಂಜೆಗೆ ಹೆಬ್ಬೆರಳು ಅಲ್ಲಾಡಿತು. ನಾನೇ ಅಲ್ಲಾಡಿಸಿದ್ದಾ, ತಾನೇ ಅಲ್ಲಾಡಿದ್ದಾ ಅಂತ ಗೊತ್ತಾಗಲಿಲ್ಲ, ಇನ್ನೊಮ್ಮೆ ಮಾಡಿ ನೋಡಿದೆ, ಹೌದು ನಾನೇ. ಮಡಚಿಕೊಂಡಿದ್ದ ಆ ಸುಳ್ಳು ಕಾಲು ಯಾವಾಗ ಹೋಯಿತೋ, ನೇರವಾಗಿ ಮಲಗಿದ್ದ ಕಾಲು ಯಾವಾಗ ನನ್ನದಾಯಿತೋ, ಗಮನವಿಟ್ಟು ಕಾಯುತ್ತಿದ್ದರೂ ಆ ಕ್ಷಣ ಸಿಗಲಿಲ್ಲ. ಜುಮುಜುಮು ಶುರುವಾಯಿತು. ಅದರ ಹಿಂದೆ ನೋವು. ಒಳ್ಳೇ ನೋವೇ. ಪೂರ್ತಿ ಆಸಾಮಿ ಆದ ಖುಷಿಯಲ್ಲಿ ಸ್ವಲ್ಪ ಹೊತ್ತು ತಡೆದುಕೊಂಡೆ, ಆಮೇಲೆ ಸಿಸ್ಟರನ್ನು ಕರೆದು ಮಾತ್ರೆ ಕೇಳಿದೆ.

ಮಾರನೇ ದಿನ ಫಿಸಿಯೋ ಬಂದರು. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, "ಅದನ್ನ ಒತ್ತಿ, ತೊಡೆ ಬಿಗಿ ಮಾಡಿ" ಅಂದರು. ಔಷಧದ ಪರಿಣಾಮ ಪೂರ್ತಿ ಹೋಗಿತ್ತು, ಮುಟ್ಟಿದ್ದೆಲ್ಲ ಗೊತ್ತಾಗುತ್ತಿತ್ತು, ಕಾಲ್ಬೆರಳು ಕುಣಿಯುತ್ತಿದ್ದವು. ತೊಡೆ ಮಾತ್ರ ಕೇಳಲಿಲ್ಲ. ಮಂಡಿ ಊದಿಕೊಂಡಾಗ ಅಲ್ಲಿಂದ ಬರುವ ಸುದ್ದಿ ಕೇಳಿ ಬೆನ್ನುಹುರಿಯೇ ತೊಡೆಯ ಸ್ನಾಯುವನ್ನು ತಡೆಹಿಡಿಯುತ್ತದಂತೆ, ಮೇಲಿಂದ ನಾವು ಎಷ್ಟು ಬಯಸಿದರೂ ಅಷ್ಟೇ.

1643ರಲ್ಲಿ ಬೊಹೆಮಿಯಾದ ರಾಜಕುಮಾರಿ ಎಲಿಜಬೆತ್, ಆಗ ಅವಳಿಗೆ 24, ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ಗೆ ಕಾಗದ ಬರೆದು ಕೇಳಿದ್ದು ಇದನ್ನೇ. ಆತ್ಮಕ್ಕೆ ಉದ್ದ ಅಗಲ ಇಲ್ಲ, ಅದು ಯಾವುದನ್ನೂ ಮುಟ್ಟಲಾರದು ಅಂತೀರಿ, ಮತ್ತೆ ಅದು ದೇಹವನ್ನು ಅಲ್ಲಾಡಿಸುವುದು ಹೇಗೆ? ಡೆಕಾರ್ಟ್ ಸುತ್ತಿ ಬಳಸಿ ಉತ್ತರ ಕೊಟ್ಟು, ಕೊನೆಗೆ ಒಂದು ಕಾಗದದಲ್ಲಿ, ಆತ್ಮ ದೇಹಗಳ ಕೂಡುವಿಕೆ ತಿಳಿಯಬೇಕಾದರೆ ಚಿಂತನೆ ಬಿಟ್ಟು ದಿನನಿತ್ಯದ ಬದುಕು, ಮಾತುಕತೆಯಲ್ಲಿ ತೊಡಗಬೇಕು ಅನ್ನುವ ಅರ್ಥದ ಮಾತು ಬರೆದರು. ಅವಳಿಗೆ ಸಮಾಧಾನ ಆಗಲಿಲ್ಲ. ಅಲ್ಲಾಡಿಸುತ್ತದೆ ಅಂತ ಇಂದ್ರಿಯಗಳು ಹೇಳುತ್ತವೆ, ಹೇಗೆ ಅಂತ ಹೇಳುವುದಿಲ್ಲವಲ್ಲ ಅಂತ ತಿರುಗಿ ಬರೆದಳು. ನಾನು ಅವಳ ಕಡೆ. ಆದರೂ ಆ ಬೆಳಿಗ್ಗೆ ನಡೆದದ್ದು ಡೆಕಾರ್ಟ್ ಹೇಳಿದ ಹಾಗೆಯೇ.

ಫಿಸಿಯೋ ನನ್ನ ಮಂಡಿಚಿಪ್ಪಿನ ಮೇಲ್ಭಾಗದಲ್ಲಿ, ಒಳಮಗ್ಗುಲಿಗೆ, ಎರಡು ಬೆರಳಿನಿಂದ ತಟ್ಟಿದರು. "ಇಲ್ಲಿ. ಇಲ್ಲಿ ಬಿಗಿ ಮಾಡಿ. ನನ್ನ ಬೆರಳನ್ನ ಮೇಲಕ್ಕೆ ತಳ್ಳಿ." ತೊಡೆಗೆ ಹೇಳುವುದನ್ನು ಬಿಟ್ಟು ಅವರ ಬೆರಳನ್ನು ತಳ್ಳಲು ನೋಡಿದೆ. ಚರ್ಮದ ಕೆಳಗೆ ಏನೋ ಸಣ್ಣಗೆ ಮಿಡುಕಿತು. "ಬಂತು ನೋಡಿ" ಅಂದರು. ನಾನು ಹೇಗೆ ಬಂತು ಅಂತ ಕೇಳುವಷ್ಟರಲ್ಲಿ, ಮಾತು ಸಾಕು ಸರ್, ಇನ್ನೊಂದ್ಸಲ ಮಾಡಿ ಅಂತ ಮತ್ತೆ ತಟ್ಟಿದರು.